ಮೂರು ಸಲ ಹೂಂ ಎಂದವನ ನಾಯಿ

ಬಹಳ ಹಿಂದೆ, ಹಾವುಗಳಿಗೂ ಹದ್ದುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೆಬ್ಬಂಡೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಕಟ್ಟಳೆ. ಯಾರಾದರೂ ತಮ್ಮದನ್ನು ದಾನ ಕೊಡುವುದಿದ್ದರೆ ತುಂಬಿದ ಸಭೆಯಲ್ಲಿ ಅವರನ್ನು ಮೂರು ಸಲ ಕೇಳಬೇಕು. ಮೂರು ಸಲವೂ ಹೂಂ ಎಂದರೆ ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ.

ಆ ಊರ ಕೋಟೆಯ ಹೆಬ್ಬಾಗಿಲನ್ನು ಕಾಯುತ್ತಿದ್ದವನು ಮಾಳಿಂಗ. ದೂರದ ಗುಡ್ಡದ ಮೇಲೆ ಒಬ್ಬ ಕೊಂಬು ಊದುವವನು ಕೂತಿರುತ್ತಿದ್ದ. ಅಪಾಯ ಕಂಡರೆ ಊದುವುದು ಅವನ ಕೆಲಸ, ಕೇಳಿದೊಡನೆ ಬಾಗಿಲು ಮುಚ್ಚಿ ಊರನ್ನು ಎಚ್ಚರಿಸುವುದು ಮಾಳಿಂಗನ ಕೆಲಸ. ಚುರುಕು ಕಿವಿಯವನಿಗೇ ಮೀಸಲಾದ ಕೆಲಸ ಅದು. ಆದರೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಾಳಿಂಗನಿಗೆ ವಿಪರೀತ ಜ್ವರ ಬಂತು. ಜ್ವರವೇನೋ ಇಳಿಯಿತು, ಇಳಿಯುವಾಗ ಅವನ ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಯಿತು.

ಅವನು ಅದನ್ನು ಯಾರಿಗೂ ಹೇಳಲಿಲ್ಲ. ಜನ ತನ್ನನ್ನು ಕಿವುಡ ಎನ್ನುವುದನ್ನು ನೆನೆದರೇ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಎದುರು ನಿಂತವರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತ. ತುಟಿ ಕಾಣದಿದ್ದರೆ ತಲೆಯಾಡಿಸಿ ಹೂಂ ಎಂದುಬಿಡುವುದನ್ನೂ ಕಲಿತ. ಗುಟ್ಟು ತಿಳಿದಿದ್ದದ್ದು ಅವನ ಸೋದರತ್ತೆ ಹೊನ್ನವ್ವನೊಬ್ಬಳಿಗೇ.

"ನಾಚ್ಕೆ ಪಡೋಕೆ ನೀನೇನು ಕಳ್ತನ ಮಾಡಿದ್ದೀಯೇನ್ಲಾ?" ಎಂದು ಅವಳು ಬೈದಳು. "ರಾಜನ ಮುಂದೆ ಹೋಗಿ ಹೇಳ್ಬುಡು."

"ಜನ ನಗ್ತಾರೆ ಅತ್ತೆ."

"ಹಂಗಾರೆ ನಿನ್ನ ನಾಯಿಗಾದ್ರೂ ಹೇಳ್ಕೊ. ಅದು ನಗಾಕಿಲ್ಲ."

ಮಾಳಿಂಗನ ಬಳಿ ಒಂದು ಹೆಣ್ಣುನಾಯಿ ಇತ್ತು. ಹುರಿಗಡಲೆಯ ಬಣ್ಣ, ಹುರಿಗಡಲೆಯೆಂದರೆ ಪ್ರಾಣ. ಹಾಗಾಗಿ ಅದರ ಹೆಸರು ಕಡ್ಲೆ. ಅತ್ತೆಯ ಮಾತು ಕೇಳಿದ ದಿನವೇ ಮಾಳಿಂಗ ಯೋಚಿಸಿದ: ನನ್ನ ಕಿವಿ ಹೋಗಿದೆ, ಇದರದು ಇದೆಯಲ್ಲ!

ಮೊದಲು ಒಂದು ಗಡಿಗೆ ತಂದು ತಾನೇ ಬಾರಿಸಿದ. ಕಡ್ಲೆ ಬೆಚ್ಚಿ ಹತ್ತಿರ ಬಂತು, ಅದರ ಮೂಗು ಅವನ ಎಡಮೊಣಕಾಲಿಗೆ ತಗುಲಿತು. ತಕ್ಷಣ ಒಂದು ಹುರಿಗಡಲೆ ಕೊಟ್ಟ. ಮತ್ತೆ ಬಾರಿಸಿದ, ಮತ್ತೆ ಮೂಗು, ಮತ್ತೆ ಕಡಲೆ. ಹತ್ತು ದಿನದಲ್ಲಿ ಯಾರು ಬಾಗಿಲು ತಟ್ಟಿದರೂ, ಯಾರು ಹಿಂದಿನಿಂದ ಕರೆದರೂ ಕಡ್ಲೆ ಓಡಿಬಂದು ಮೊಣಕಾಲು ಮುಟ್ಟುತ್ತಿತ್ತು. ಕೊಂಬು ಕೇಳಿದರೆ ಮಾತ್ರ ಪಂಚೆಯ ಅಂಚು ಹಿಡಿದು ಎಳೆಯಬೇಕು. ಅದನ್ನು ಕಲಿಸುವುದು ಕಷ್ಟವಾಯಿತು. ಹೊನ್ನವ್ವ ಕೆರೆ ಏರಿಯ ಮೇಲೆ ನಿಂತು ಕೊಂಬು ಊದುವಳು. ಊದಿದ್ದು ಮಾಳಿಂಗನಿಗೆ ತಿಳಿಯಲೆಂದು ಒಂದು ಕೆಂಪು ಬಟ್ಟೆ ಎತ್ತುವಳು. ಕಡ್ಲೆ ಪಂಚೆ ಎಳೆಯುವುದು. ಇಬ್ಬರಿಗೂ ಹಿಗ್ಗೋ ಹಿಗ್ಗು. ಒಂದು ದಿನ ಹೊನ್ನವ್ವ ಅದೇ ಬಟ್ಟೆ ಬೀಸಿ ಕಾಗೆ ಓಡಿಸಿದಳು. ಕಡ್ಲೆ ಹಾರಿಬಂದು ಪಂಚೆ ಹಿಡಿಯಿತು.

"ಅಯ್ಯೋ ಶಿವನೇ!" ಎಂದು ಹೊನ್ನವ್ವ ಹಣೆ ಚಚ್ಚಿಕೊಂಡಳು. "ಇದು ಕೊಂಬು ಕಲ್ತಿಲ್ಲ ಕಣ್ಲಾ, ಬಟ್ಟೆ ಕಲ್ತೈತೆ!"

ಮತ್ತೆ ಮೊದಲಿನಿಂದ. ಈ ಸಲ ಕಡ್ಲೆಯನ್ನು ಏರಿಗೆ ಬೆನ್ನು ಮಾಡಿ ಕೂರಿಸಿದರು. ಅಳಿಲು ಓಡಿದರೂ ಕದಲಬಾರದು, ಯಾರು ಮೂಳೆ ಎಸೆದರೂ ನೋಡಬಾರದು. ಆರು ತಿಂಗಳು ಹಿಡಿಯಿತು. ಆರು ತಿಂಗಳಾದ ಮೇಲೆ ಕಡ್ಲೆಯ ಕಿವಿ ತಪ್ಪಿಸಿ ಒಂದು ಎಲೆ ಬೀಳುವ ಹಾಗಿರಲಿಲ್ಲ.

ಇಷ್ಟೆಲ್ಲ ಮಾಡಿದ ಕಡ್ಲೆಯನ್ನು ಮಾಳಿಂಗ ಜನರೆದುರು ಏನೆಂದು ಕರೆದ ಗೊತ್ತೇ? ಬೇಟೆನಾಯಿ ಎಂದ. ಪಾಪ, ಅದು ಜನ್ಮದಲ್ಲಿ ಒಂದು ಇಲಿಯನ್ನೂ ಹಿಡಿದಿರಲಿಲ್ಲ.

ಮೊದಲ ವರ್ಷ ಕಾಡುಗಿಚ್ಚು ಊರಿನತ್ತ ಬಂತು. ಕೊಂಬು ಕೇಳಿತು, ಕಡ್ಲೆ ಎಳೆಯಿತು, ಮಾಳಿಂಗ ಊರನ್ನು ಎಚ್ಚರಿಸಿದ. ಎರಡನೆಯ ವರ್ಷ ಹೊಳೆ ಉಕ್ಕಿತು. ಕೊಂಬು ಕೇಳಿತು, ಕಡ್ಲೆ ಎಳೆಯಿತು, ಮಾಳಿಂಗ ಬಾಗಿಲು ಹಾಕಿದ. ಮೂರನೆಯ ವರ್ಷ ರೆಕ್ಕೆಹುಲಿ ಬಂತು. ಕೊಂಬು ಕೇಳಿತು, ಕಡ್ಲೆ ಎಳೆಯಿತು, ಜನ ಮನೆಯೊಳಗೆ ಸೇರಿ ಕದ ಭದ್ರಪಡಿಸಿದರು, ಹುಲಿ ಹಸಿದು ಹಿಂದಿರುಗಿತು. ರಾಜ ಮಾಳಿಂಗನ ಕೈಗೆ ಬಂಗಾರದ ಕಡಗ ತೊಡಿಸಿ, "ಇಂಥ ಕಿವಿ ನೂರು ವರ್ಷಕ್ಕೊಂದು" ಎಂದು ಹೊಗಳಿದ. ರಾಜ ಹೇಳಿದ್ದೇನೆಂದು ಮಾಳಿಂಗನಿಗೆ ತಿಳಿದದ್ದು ಮನೆಗೆ ಬಂದು ಹೊನ್ನವ್ವ ಹೇಳಿದ ಮೇಲೆ. ಏಕೆಂದರೆ ರಾಜನ ದಟ್ಟ ಮೀಸೆ ತುಟಿಗಳನ್ನು ಪೂರ್ತಿ ಮುಚ್ಚಿತ್ತು. ಅವನು ಏನು ಹೇಳಿದರೂ ಮಾಳಿಂಗನದು ಒಂದೇ ಉತ್ತರ: ಹೂಂ, ಪ್ರಭು.

ಆ ಕಡಗ ಅವನ ಕೈಯನ್ನು ಸುಡುತ್ತಿತ್ತು. ಕಡ್ಲೆ ಅದನ್ನು ನೆಕ್ಕಿದಾಗ ಅವನು ಮುಖ ತಿರುಗಿಸುತ್ತಿದ್ದ.

ರೆಕ್ಕೆಹುಲಿಯನ್ನು ಕಳಿಸಿದವನು ಮಸಿಗುಡ್ಡದ ಮಾಂತ್ರಿಕ. ಅವನ ಹೆಸರು ನಯವಂತ. ಅವನು ಯಾರಿಂದಲೂ ಏನನ್ನೂ ಕಿತ್ತುಕೊಳ್ಳುತ್ತಿರಲಿಲ್ಲ, ನಯವಾಗಿ ಕೇಳಿ ಪಡೆಯುತ್ತಿದ್ದ. ಕೇಳಿ ಪಡೆದದ್ದರಿಂದಲೇ ಅವನ ಮಂತ್ರಕ್ಕೆ ಬಲ. ಊರು ಉಳಿದದ್ದು ಯಾರ ಕಿವಿಯಿಂದ ಎಂದು ಅವನ ಹದ್ದು ನೋಡಿ ಬಂದು ಹೇಳಿತು. ಮಾರನೆಯ ದಿನವೇ ಅವನು ರೇಷ್ಮೆ ಉಟ್ಟು ಸಭೆಗೆ ಬಂದ.

"ಪ್ರಭು, ನಿಮ್ಮ ಬಾಗಿಲ ಕಾವಲುಗಾರನ ನಾಯಿಯ ಮೇಲೆ ನನಗೆ ಮನಸ್ಸಾಗಿದೆ. ಅದನ್ನು ಕೊಡಿಸಿದರೆ ರೆಕ್ಕೆಹುಲಿ ಈ ವರ್ಷವೆಲ್ಲ ಇತ್ತ ಸುಳಿಯುವುದಿಲ್ಲ."

ರಾಜ ಒಳ್ಳೆಯವನು. ಮಾಳಿಂಗನನ್ನು ಕರೆಸಿದ, ಅವನ ಹಿಂದೆಯೇ ಕಡ್ಲೆಯೂ ಬಂದು ಕೂತಿತು. "ನಾಯಿ ನಿನ್ನದು, ಬಲವಂತವಿಲ್ಲ. ಇವನಿಗೆ ಕೊಡುವೆಯಾ?" ಎಂದು ಕೇಳಿದ.

ಮೀಸೆ ಅಲುಗಿತು. ಇನ್ನೊಂದು ಬಹುಮಾನವಿರಬೇಕು ಎಂದುಕೊಂಡ ಮಾಳಿಂಗ. "ಹೂಂ, ಪ್ರಭು."

"ಮನಸ್ಸಾರೆ ಕೊಡುವೆಯಾ?"

"ಹೂಂ, ಪ್ರಭು."

ಕಡ್ಲೆ ಎದ್ದು ಅವನ ಪಂಚೆಯ ಅಂಚು ಹಿಡಿದು ಎಳೆಯಿತು. ಅಪಾಯವಿದ್ದಾಗ ಎಳೆಯುವ ಹಾಗೆಯೇ ಎಳೆಯಿತು. ಸಭೆಯೆಲ್ಲ ನೋಡುತ್ತಿತ್ತು. ಎಲ್ಲಿ ಗುಟ್ಟು ರಟ್ಟಾಗುವುದೋ ಎಂದು ಮಾಳಿಂಗನಿಗೆ ಮೈ ಬೆವರಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಕಾಲೆತ್ತಿ ಕಡ್ಲೆಯನ್ನು ಒದ್ದ.

"ಕೊಟ್ಟೆಯಾ?"

"ಹೂಂ, ಪ್ರಭು."

ನಯವಂತ ಬಂದು ಕಡ್ಲೆಯ ಕೊರಳಿಗೆ ಹಗ್ಗ ಹಾಕಿದ. ಆಗ ಮಾಳಿಂಗನಿಗೆ ಎಲ್ಲ ತಿಳಿಯಿತು. ನಿಲ್ಲಿಸಿ ಎನ್ನಬಹುದಿತ್ತು. ಎಂದರೆ, ಹಾಗಾದರೆ ಹೂಂ ಎಂದದ್ದೇಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಅವನು ಬಾಯಿ ಬಿಡಲಿಲ್ಲ. ಕಡ್ಲೆ ಬಾಗಿಲವರೆಗೂ ತಿರುಗಿ ತಿರುಗಿ ನೋಡುತ್ತ ಹೋಯಿತು. ಕತೆ ಹೇಳುವ ನನಗೇ ಇಲ್ಲಿ ನಾಲಿಗೆ ಏಳುವುದಿಲ್ಲ, ಮಾಡಿದವನಿಗೆ ಹೇಗಾಗಿರಬೇಕು!

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಕೂತ. ಹೊನ್ನವ್ವ ಬಂದು ಅವನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ಹಗ್ಗ ಹಾಕ್ದಾಗ್ಲೂ ಸುಮ್ನಿದ್ಯಾ?"

"ಸುಮ್ನಿದ್ದೆ ಅತ್ತೆ."

"ಬಾಗ್ಲ ತಾವ ನಾನು ಕೂರ್ತೀನಿ. ನನ್ನ ಕಿವಿ ಇನ್ನೂ ನೆಟ್ಟಗೈತೆ. ನೀನು ಎದ್ದು ಹೋಗು, ಅದನ್ನ ಕರ್ಕೊಂಡು ಬಾ. ಬರೀ ಕೈಲಿ ಬಂದ್ರೆ ಈ ಮನೆ ಹೊಸ್ಲು ತುಳೀಬ್ಯಾಡ."

ಮಾಳಿಂಗ ಈಟಿ ಹಿಡಿದು, ಕಂಬಳಿ ಹೊದ್ದು ಮಸಿಗುಡ್ಡದತ್ತ ಹೊರಟ. ಒಂದು ದಿನ ನಡೆದ. ದಾರಿಗೆ ಅಡ್ಡವಾಗಿ ಕಂಚಿನ ಕೊಂಬಿನ ಕೋಣ ನಿಂತಿತ್ತು. ಅದು ಮೂತಿ ಎತ್ತಿ ಏನೋ ಕೇಳಿತು. ಕೋಣದ ತುಟಿ ಓದುವುದು ಯಾರಿಗೆ ಸಾಧ್ಯ? ಮಾಳಿಂಗ ಅಭ್ಯಾಸದಂತೆ ಹೂಂ ಎಂದ. ಕೋಣ ಅವನ ಈಟಿಯನ್ನು ಕಚ್ಚಿಕೊಂಡು ಹೋಯಿತು.

ಎರಡನೆಯ ದಿನ ನಡೆದ. ದಾರಿಗೆ ಅಡ್ಡವಾಗಿ ಮನೆಯಷ್ಟು ದೊಡ್ಡ ಹದ್ದು ಕೂತಿತ್ತು. ಅದು ಕೊಕ್ಕು ಅಲುಗಿಸಿ ಏನೋ ಕೇಳಿತು. ಮಾಳಿಂಗ ಹೂಂ ಎಂದ. ಹದ್ದು ಅವನ ಕಂಬಳಿಯನ್ನೂ ರುಮಾಲನ್ನೂ ಎತ್ತಿಕೊಂಡು ಹಾರಿತು.

ಮೂರನೆಯ ದಿನ ನಡೆದ. ದಾರಿಗೆ ಅಡ್ಡವಾಗಿ ಒಂದು ಹೆಬ್ಬಾವು ಮಲಗಿತ್ತು. ಅದು ತಲೆಯೆತ್ತಿ ಏನೋ ಕೇಳಿತು. ಮಾಳಿಂಗನ ತಲೆ ಅರ್ಧ ಬಾಗಿತ್ತು, ಹೂಂ ಎನ್ನುವುದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಪಂಚೆಯ ಅಂಚನ್ನು ಯಾರೋ ಎಳೆದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ, ಬರೀ ಮುಳ್ಳುಕಂಟಿ. ಅವನಿಗೆ ಅಳು ಒತ್ತರಿಸಿ ಬಂತು.

"ಅಜ್ಜಾ," ಎಂದ, "ನನಗೆ ಕಿವಿ ಕೇಳಿಸೋದಿಲ್ಲ. ನೀನೇನು ಕೇಳಿದೆಯೋ ತಿಳೀಲಿಲ್ಲ. ಇನ್ನೊಂದು ಸಲ ತಿಳಿಯೋ ಹಾಗೆ ಹೇಳು."

ಕಿವಿ ಹೋದಂದಿನಿಂದ ಆ ಮಾತನ್ನು ಅವನು ಪರರಿಗೆ ಹೇಳಿದ್ದು ಅದೇ ಮೊದಲು, ಅದೂ ಒಂದು ಹಾವಿಗೆ. ಹೆಬ್ಬಾವು ಬಾಯಿ ಅಗಲವಾಗಿ ತೆರೆಯಿತು. ಬಾಲದಿಂದ ಮೊದಲು ಅವನನ್ನು ತೋರಿಸಿತು, ಆಮೇಲೆ ತನ್ನ ಹೊಟ್ಟೆಯನ್ನು ತೋರಿಸಿತು. ನುಂಗಲೇ ಎಂದು ಕೇಳುತ್ತಿತ್ತು!

"ಬೇಡ ಅಜ್ಜಾ, ಬೇಡವೇ ಬೇಡ!"

ಕೇಳದೆ ಏನನ್ನೂ ಮುಟ್ಟಬಾರದು ಎಂಬುದು ಆ ಗುಡ್ಡದ ನಿಯಮ. ಬೇಡವೆಂದವನನ್ನು ನುಂಗುವ ಹಾಗಿರಲಿಲ್ಲ. ಹೆಬ್ಬಾವು ಬೇಸರದಿಂದ ಪಕ್ಕಕ್ಕೆ ಸರಿಯಿತು.

ಗುಡ್ಡದ ಮೇಲೆ ನಯವಂತನ ಮನೆ. ಗೋಡೆಗಳ ತುಂಬ ಬಾಯಿ ಮುಚ್ಚಿದ ಗಡಿಗೆಗಳು. ಕಂಬಕ್ಕೆ ಕಟ್ಟಿದ್ದ ಕಡ್ಲೆಯ ಮುಂದೆ ಹಾಲನ್ನ ಒಣಗಿತ್ತು. ಅದು ಮಾಳಿಂಗನನ್ನು ಒಮ್ಮೆ ನೋಡಿತು. ನೋಡಿ ಮುಖ ತಿರುಗಿಸಿತು.

ನಯವಂತ ನಕ್ಕು, ಬರೀ ತುಟಿ ಅಲುಗಿಸಿ ಮಾತಾಡಿದ. "ನಿನಗೆ ಇಷ್ಟು ಸಾಕಲ್ಲವೇ? ನಾನು ಕದ್ದಿಲ್ಲಪ್ಪ. ನೀನೇ ಕೊಟ್ಟೆ."

"ಕೇಳಿಸದೆ ಕೊಟ್ಟೆ."

"ಕೇಳಿಸದೆ ಕೊಟ್ಟದ್ದು ಕೊಟ್ಟಂತಲ್ಲ, ನಿಜ. ಆದರೆ ಅದನ್ನು ಕೊಟ್ಟ ಸಭೆಯಲ್ಲೇ ನಿಂತು ಹೇಳಬೇಕು. ಈ ಗಡಿಗೆಗಳನ್ನು ನೋಡು. ತಿಳಿಯಲಿಲ್ಲ ಎನ್ನಲು ನಾಚಿ ಹೂಂ ಎಂದವರ ಸೊತ್ತೇ ಎಲ್ಲ. ಇನ್ನೂರು ವರ್ಷದಲ್ಲಿ ಒಬ್ಬನೂ ಹಿಂದಕ್ಕೆ ಕೇಳಲು ಬಂದಿಲ್ಲ. ನೀನು ಹೇಳುವೆಯಾ? ಕಡಗ ತೊಟ್ಟ ಕೈಯವನು?"

"ಹೇಳ್ತೀನಿ. ನಡಿ."

ನಯವಂತ ಮೋಜು ನೋಡಲು ಕಡ್ಲೆಯನ್ನು ಎಳೆದುಕೊಂಡು ಬಂದ.

ಸಭೆ ತುಂಬಿತ್ತು. ಮಾಳಿಂಗ ನಡುವೆ ನಿಂತ. ತನ್ನ ದನಿ ಸಣ್ಣದಿದೆಯೋ ದೊಡ್ಡದಿದೆಯೋ ಅವನಿಗೇ ತಿಳಿಯುವಂತಿರಲಿಲ್ಲ.

"ಪ್ರಭು, ನನಗೆ ಕಿವಿ ಕೇಳಿಸುವುದಿಲ್ಲ. ನಾಲ್ಕು ವರ್ಷವಾಯಿತು. ಕೊಂಬು ಕೇಳಿದ್ದು ನಾನಲ್ಲ, ನನ್ನ ಕಡ್ಲೆ. ಬೆಂಕಿಯಿಂದ, ನೀರಿನಿಂದ, ಹುಲಿಯಿಂದ ಊರನ್ನು ಉಳಿಸಿದ್ದು ಅವಳು. ಕಡಗ ತೊಟ್ಟವನು ನಾನು. ನೀವು ಆ ದಿನ ಕೇಳಿದ್ದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ನಾಚಿ ಹೂಂ ಎಂದೆ. ಎಚ್ಚರಿಸಲು ಬಂದವಳನ್ನು ಒದ್ದೆ. ಹಗ್ಗ ಬಿದ್ದ ಮೇಲೆ ಎಲ್ಲ ತಿಳಿಯಿತು. ಆಗಲೂ ಸುಮ್ಮನಿದ್ದೆ."

ಅವನು ಕಡಗ ಬಿಚ್ಚಿ ನೆಲದ ಮೇಲಿಟ್ಟ. ಕಡ್ಲೆಯ ಕೊರಳಿನ ಹಗ್ಗ ಬೂದಿಯಾಗಿ ಉದುರಿತು. ದೂರದ ಮಸಿಗುಡ್ಡದಲ್ಲಿ ಒಂದು ಗಡಿಗೆ ಒಡೆಯಿತು, ನಯವಂತನ ಒಂದು ಕೈ ಮಾಯವಾಯಿತು.

ಆಗ ಮುದಿ ಮಂತ್ರಿ ಕೋಲೂರಿ ಎದ್ದ. "ನನಗೆ ಕಣ್ಣು ಮಂಜಾಗಿ ಏಳು ವರ್ಷ. ಇವನು ತಂದ ಓಲೆಯನ್ನು ಓದಿದಂತೆ ನಟಿಸಿ ಹೂಂ ಎಂದೆ. ನನ್ನ ಮಾವಿನ ತೋಪು ಹೋಯಿತು." ಇನ್ನೊಂದು ಗಡಿಗೆ ಒಡೆಯಿತು. ರಾಜನ ತಾಯಿಯೂ ಎದ್ದಳು. "ನನಗೆ ನಿನ್ನೆಯದು ಇಂದು ನೆನಪಿರುವುದಿಲ್ಲ. ನೀವು ಮಾತು ಕೊಟ್ಟಿದ್ದಿರಿ ಎಂದು ಇವನು ಹೇಳಿದ, ಹೂಂ ಎಂದೆ." ಮತ್ತೊಂದು ಒಡೆಯಿತು. ಒಬ್ಬೊಬ್ಬರಾಗಿ ಎದ್ದರು, ಒಂದೊಂದಾಗಿ ಒಡೆದವು. ಕೊನೆಗೆ ನಯವಂತ ನಿಂತಿದ್ದ ಜಾಗದಲ್ಲಿ ರೇಷ್ಮೆ ಬಟ್ಟೆಯ ಗುಡ್ಡೆಯೊಂದು ಉಳಿಯಿತು. ಅದೇ ಗಳಿಗೆಯಲ್ಲಿ ಕಾಡಿನಲ್ಲಿ ರೆಕ್ಕೆಹುಲಿಯ ರೆಕ್ಕೆ ಉದುರಿ ಅದು ಬರೀ ಹುಲಿಯಾಯಿತು.

ರಾಜ ಸಿಂಹಾಸನದಿಂದ ಇಳಿದು ಬಂದ. ಎರಡು ಕೈಯಿಂದ ಮೀಸೆ ಎತ್ತಿ ಹಿಡಿದು, ತುಟಿ ಕಾಣಿಸುತ್ತ ಹೇಳಿದ: "ಮಾಳಿಂಗ, ಬಾಗಿಲು ನಿಮ್ಮಿಬ್ಬರದು."

ಕಡ್ಲೆ ಮಾತ್ರ ಮಾಳಿಂಗನ ಬಳಿ ಬರಲಿಲ್ಲ. ನೇರ ಹೆಬ್ಬಾಗಿಲಿಗೆ ಹೋಗಿ ಹೊನ್ನವ್ವನ ಸೆರಗಿನ ಮರೆಯಲ್ಲಿ ಕೂತಿತು. ಹುರಿಗಡಲೆ ಹಿಡಿದು ಕರೆದರೂ ಬರಲಿಲ್ಲ. ಅವನು ಒತ್ತಾಯ ಮಾಡಲಿಲ್ಲ. ಕೊಂಬು ಕೇಳಲು ಹೊನ್ನವ್ವನೇ ಕೂತಳು. ಅವನು ದಿನವೂ ನಾಲ್ಕು ಮಾರು ದೂರದಲ್ಲಿ ಕೂತು, ಒದ್ದ ಕಾಲನ್ನು ಮಡಿಸಿ ಮೈಕೆಳಗೆ ಇಟ್ಟುಕೊಳ್ಳುತ್ತಿದ್ದ. ಹತ್ತೊಂಬತ್ತನೆಯ ದಿನ ಅವನ ಬೆನ್ನ ಹಿಂದೆ ಮಂತ್ರಿ ಬಂದು ಕೂಗಿದ. ಮಾಳಿಂಗ ತಿರುಗಲಿಲ್ಲ. ಮಂತ್ರಿ ಇನ್ನೊಮ್ಮೆ ಕೂಗಿದ. ಕಡ್ಲೆ ಎದ್ದು, ಮೈ ಕೊಡವಿ, ನಿಧಾನವಾಗಿ ಬಂದು ಅವನ ಮೊಣಕಾಲಿಗೆ ಮೂಗು ತಾಗಿಸಿತು. ಮಾಳಿಂಗ ಚಿಕ್ಕ ಮಗುವಿನಂತೆ ಅತ್ತ.

ಮಂತ್ರಿ ಬಂದಿದ್ದದ್ದು ತನ್ನ ನಾಯಿಯೊಂದಿಗೆ. "ಇದಕ್ಕೆ ನನ್ನ ಕಣ್ಣಾಗುವುದನ್ನು ಕಲಿಸಿಕೊಡಪ್ಪ" ಎಂದ.

"ಕಲಿಸ್ತೀನಿ ಬುದ್ಧಿ. ಮೊದಲು ನೀವು ಸಂತೆಬೀದಿ ನಡುವೆ ನಿಂತು, ನನಗೆ ಕಣ್ಣು ಕಾಣಿಸೋದಿಲ್ಲ ಅಂತ ಗಟ್ಟಿಯಾಗಿ ಹೇಳಿ ಬರಬೇಕು."

"ಸಭೆಯಲ್ಲಿ ಹೇಳಿದೆನಲ್ಲ!"

"ಇನ್ನೊಂದು ಸಲ."

ಆಮೇಲೆ ಹೆಬ್ಬಂಡೆಯ ಮೂಲೆಮೂಲೆಯಿಂದ ಜನ ತಮ್ಮ ತಮ್ಮ ನಾಯಿ ಹಿಡಿದು ಬಂದರು. ಎಲ್ಲರಿಗೂ ಮೊದಲ ಪಾಠ ಸಂತೆಬೀದಿಯಲ್ಲೇ. ಕೆಲವರು ಅರ್ಧ ದಾರಿಯಿಂದ ಹಿಂದಿರುಗಿ, ವಾರ ಬಿಟ್ಟು ಮತ್ತೆ ಬಂದರು. ಊರಿನವರೆಲ್ಲ ಕೇಳಿಸದ್ದನ್ನು ಇನ್ನೊಮ್ಮೆ ಕೇಳುತ್ತ, ಕಾಣದ್ದನ್ನು ಕಾಣದೆಂದು ಹೇಳುತ್ತ ನೂರು ಕಾಲ ಸುಖವಾಗಿ ಬಾಳಿದರು. ನಾಯಿಗಳು ಆರು ತಿಂಗಳಲ್ಲಿ ಕಲಿತವು. ಮನುಷ್ಯರಿಗೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು, ಅಲ್ಲಿಯವರೆಗೂ ನಾಯಿಗಳು ಕಾದವು.