ಮೂರು ಬಡಿತ, ತಡೆದು ಒಂದು

ಬಾಗಿಲು ಬಡಿದ ಸದ್ದು. ಒಂದರ ಬೆನ್ನಿಗೊಂದರಂತೆ ಮೂರು ಸಲ. ಉಸಿರು ಹಿಡಿದಷ್ಟು ಹೊತ್ತು ತಡೆದು, ಮತ್ತೊಂದು ಸಲ. ಮಲಗಿದ್ದ ಸಂಜಯ ಗುರವ ಎದ್ದು ಕುಳಿತ. ಯಾರೆಂದು ಕೇಳಲಿಲ್ಲ, ದೀಪ ಹಾಕಲಿಲ್ಲ, ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ. ಚಿಲಕ ತೆಗೆದು ಹೊರಗೆ ಹೋದವನು ತಿರುಗಿ ಬರಲಿಲ್ಲ.

ದೂರಿನ ಅರ್ಜಿಯಲ್ಲಿ ಇದ್ದದ್ದು ಇಷ್ಟೇ. 2025ರ ನವೆಂಬರ್ 14, ಶುಕ್ರವಾರ, ಬೆಳಿಗ್ಗೆ 7.10ಕ್ಕೆ ಸಂಜಯನ ಹೆಂಡತಿ ಬೇರೆ ಮನೆಯಲ್ಲಿರುವ ತನ್ನ ಅತ್ತೆ ಬಾಳವ್ವನೊಂದಿಗೆ ಪೀರನವಾಡಿಯಿಂದ ಠಾಣೆಗೆ ಬಂದು ಅದನ್ನು ಕೊಟ್ಟಿದ್ದಳು. ಇನ್ಸ್‌ಪೆಕ್ಟರ್ ತ್ರಿವೇಣಿ ಬೆಟಗೇರಿ ಅದನ್ನು ಎರಡು ಸಲ ಓದಿದರು.

"ಎಷ್ಟು ಹೊತ್ತಾಗಿತ್ತು?"

"ಹನ್ನೆರಡಕ್ಕ ಹತ್ತು ಮಿನಿಟು ಕಮ್ಮಿ ಇತ್ರಿ."

"ಇಂಥಾ ಬಡತಾ ಹಿಂದ ಎಂದರೆ ಕೇಳಿದ್ರೇನು?"

"ಇಲ್ಲರಿ."

"ವೈರಿಗಳು ಯಾರರೆ ಅದಾರೇನು ಅವರಿಗೆ?"

ಉತ್ತರ ಕೊಟ್ಟವಳು ಬಾಳವ್ವ. "ನನ್ನ ಮಗಾ ದೇವರಂಥಾಂವ, ಬಾಯಿ. ಅವಗ್ಯಾರು ವೈರಿ?"

ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಉಳವಪ್ಪನ ಪೆನ್ನು ಅಲ್ಲಿಗೆ ನಿಂತಿತು. ಹೆಂಗಸರು ಹೊರಗೆ ಹೋದ ಮೇಲೆ ಅವನು ಗಂಟಲು ಸರಿಮಾಡಿಕೊಂಡ. "ಮೇಡಂ, ಮೊಬೈಲ್ ಅಂಗಡಿ ಹೆಸರಿಗೆ ಐತ್ರಿ. ಒಳಗಿಂದು ಐಡಿ ಧಂದೆ. ಕ್ರಿಕೆಟ್ ಬೆಟ್ಟಿಂಗಿಗೆ ಬೇಕಾದ ಹೆಸರು, ಪಾಸ್‌ವರ್ಡ್ ಅಂವ ಕೊಡತಾನ. ಸರ್ಕಾರ ಬಂದ್ ಮಾಡಿದ್ದು ಇವನ ಅಂಗಡ್ಯಾಗ ಬಂದ್ ಆಗಿಲ್ಲ."

"ನಿಮಗ ಬಾಳ ಗೊತ್ತೈತಲ್ಲ, ಉಳವಪ್ಪನವರ."

ಉಳವಪ್ಪ ಎಫ್‌ಐಆರ್ ಬರೆಯುವುದರಲ್ಲಿ ಮುಳುಗಿದಂತೆ ಮಾಡಿದ. ಭಾರತೀಯ ನ್ಯಾಯ ಸಂಹಿತೆ, ಕಲಂ 140(3): ಅಕ್ರಮವಾಗಿ ಕೂಡಿಹಾಕುವ ಉದ್ದೇಶದಿಂದ ಅಪಹರಣ.

10.30ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಬಾಗಿಲಿನ ಮೇಲೆ ಗೀರಿಲ್ಲ, ಅಂಗಳದಲ್ಲಿ ಎಳೆದಾಡಿದ ಗುರುತಿಲ್ಲ. ಚೌಕಟ್ಟಿನ ಬಲಕ್ಕೆ ಕರೆಗಂಟೆಯಿತ್ತು. ತ್ರಿವೇಣಿ ಒತ್ತಿದಾಗ ಒಳಗೆ ಹಕ್ಕಿಯೊಂದು ಕಿಚಕಿಚ ಎಂದಿತು. ಗಂಟೆ ಕೈಯಳತೆಯಲ್ಲಿರುವಾಗ ಬಂದವನು ಬಾಗಿಲು ಬಡಿದದ್ದೇಕೆ? ಅವರು ಈ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದರು.

ಅಂಗಡಿಯ ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಒಂದು ಹಳದಿ ಕಾರ್ಡು ಸಿಕ್ಕಿತು. 'ಭಾನುವಾರದ ಬೈಠಕ್, ಖಾನಾಪುರ. ಜೂಜಿನಿಂದ ಹೊರಬರಲು. ಬಾಗಿಲು ತಟ್ಟಿರಿ; ಕಾರಣ ಕೇಳುವುದಿಲ್ಲ.' ಐಡಿ ಮಾರುವವನ ಅಂಗಡಿಯಲ್ಲಿ ಜೂಜು ಬಿಡಿಸುವವರ ಕಾರ್ಡು.

ಅಂದು ಸಂಜೆ ಏಳೂವರೆಗೆ ಉಳವಪ್ಪ ಇನ್ಸ್‌ಪೆಕ್ಟರರ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ನಿಂತ. ನಲವತ್ತಾರರ ಗಟ್ಟಿ ಆಳು, ದನಿ ತಗ್ಗಿಸಿ ಹೇಳಿದ.

"ಸಂಜಯನ ನಂಬರಿಂದ ಮೆಸೇಜ್ ಬಂದೈತ್ರಿ."

"ಯಾರಿಗೆ?"

"ಅವನ ಗಿರಾಕಿಗಳಿಗೆಲ್ಲಾ." ತನ್ನ ಫೋನನ್ನು ಮೇಜಿನ ಮೇಲಿಟ್ಟು, "ನನಗೂ ಬಂತ್ರಿ," ಎಂದ.

ತ್ರಿವೇಣಿ ಫೋನು ತೆಗೆದುಕೊಂಡರು. ಮೇಲೆ, ವಾರಗಟ್ಟಲೆ, ಒಂದೇ ಸಂದೇಶ ಸಾಲುಗಟ್ಟಿತ್ತು: 'ನಿಮಗಾಗಿ ಐನೂರು ಬೋನಸ್ ಕಾಯುತ್ತಿದೆ. ಒಂದೇ ಸಲ ಬನ್ನಿ.' ಪ್ರತಿದಿನ ಏಳೂವರೆಗೆ. ಎಲ್ಲಕ್ಕಿಂತ ಕೆಳಗೆ ಇವತ್ತಿನದು: 'ಐಡಿ ಬಂದ್ ಆಗೇತಿ. ನಿದ್ದಿ ಬರವಲ್ದೇನು? ಸರ್ಕಾರದ ಮನಸ್ಸಿನ ಸಹಾಯವಾಣಿ 14416ಕ್ಕ ಫೋನ್ ಹಚ್ಚರಿ. ಕಾರಣ ಕೇಳಂಗಿಲ್ಲ.'

"ಎಷ್ಟು ದಿನದಿಂದ, ಉಳವಪ್ಪನವರ?"

"ಎರಡು ವರ್ಷ. ಮಗಳ ಲಗ್ನಕ್ಕಂತ ಇಟ್ಟಿದ್ದೂ ಹೋಗೇತ್ರಿ. ದಿನಾ ಮುಂಜಾನೆ ಬಿಟ್ಟೆ ಅಂತೇನಿ, ಏಳೂವರಿಗೆ ಮತ್ತ ಕೈ ಹೋಗತೈತಿ."

"ಮೊದಲ ಈ ನಂಬರ್ ಎಲ್ಲೈತಿ ನೋಡ್ರಿ. ಆಮ್ಯಾಲ ನಿಮ್ಮ ಸುದ್ದಿ. ನಾ ಮರಿಯಾಂಗಿಲ್ಲ."

ಟವರ್ ವರದಿ ಬಂತು. ಫೋನು ನಾಲ್ಕು ನಿಮಿಷ ಜೀವ ಹಿಡಿದಿತ್ತು, ಪೀರನವಾಡಿಯಲ್ಲೇ. ಒಯ್ದವರು ದೂರದವರಲ್ಲ. ಹಣ ಕೇಳಿದವರೂ ಅಲ್ಲ. ಹಣ ಕೇಳದವನು ಸೇಡಿಗೆ ಬಂದವನು. ಅಂಥವನ ಕೈಗೆ ಸಿಕ್ಕ ಮನುಷ್ಯನಿಗೆ ಎಷ್ಟು ದಿನದ ನೀರು ದಕ್ಕೀತು ಎಂಬುದು ತ್ರಿವೇಣಿಯವರನ್ನು ಕಾಡತೊಡಗಿತು.

ಶನಿವಾರ ಬೆಳಿಗ್ಗೆ 9.15ಕ್ಕೆ ಅವರು ಖಾನಾಪುರದಲ್ಲಿದ್ದರು. ಬೈಠಕ್ ನಡೆಸುವ ಕಲ್ಲಯ್ಯ ನಿವೃತ್ತ ಶಾಲಾ ಮಾಸ್ತರ. ಬಾಡಿಗೆಯ ಒಂದೇ ಕೋಣೆ, ಒಂದು ಮೇಜು, ಇಪ್ಪತ್ತು ಕುರ್ಚಿ.

"ಬರ್ರಿ, ಕುಂದರ್ರಿ. ಸಂಜಯ ನಮ್ಮ ಬೈಠಕ್ಕಿಗೆ ಬರತಿದ್ದ. ಮೂರು ಭಾನುವಾರ ನಮ್ಮ ಮುಂದ ಕುಂತು ಅತ್ತಾನ. ಐಡಿ ಮಾರತಾನ ಅಂತ ನಿನ್ನೆ ನಿಮ್ಮ ಫೋನ್ ಬಂದಾಗ ಗೊತ್ತಾತು."

"ಗಿರಾಕಿ ಹುಡುಕಾಕ ಬಂದಿದ್ದನೇನು?"

"ಬಿಟ್ಟಾಂವನ ಗಟ್ಟಿ ಗಿರಾಕಿ, ಮೇಡಂ. ಮಂದಿ ಇದನ್ನ ಚಟ ಅಂತಾರ, ಮನಸ್ಸು ಮಾಡಿದ್ರ ಬಿಡತಾನ ಅಂತಾರ. ಇದು ಬ್ಯಾನಿ. ಸೋತಾಗನ ಬಿಗಿಯಾಗಿ ಹಿಡಿತೈತಿ. ಕಳಕೊಂಡಿದ್ದು ತರತೇನಂತ ಹೋಗಿ ಮತ್ತಷ್ಟು ಕಳಕೊಂಡು ಬರತಾನ. ನಿದ್ದಿ ಹೋಗತೈತಿ, ಮನ್ಯಾಗ ಸುಳ್ಳು ಸುರು ಆಗತೈತಿ. ನಾನು ಮಟಕಾದಾಗ ಹದಿನಾಕು ವರ್ಷ ಇದ್ದೆ. ಹೆಂಡ್ತಿ ಮುಂದ ಆಣಿ ಮಾಡಿದ ದಿನಾನ ಚೀಟಿ ಬರಸೇನಿ."

"ಬಿಡಾಕ ಆಗತೈತೇನು?" ಕೇಳಿದವನು ಬಾಗಿಲಲ್ಲಿ ನಿಂತಿದ್ದ ಉಳವಪ್ಪ.

ಕಲ್ಲಯ್ಯ ಅವನನ್ನು ಒಂದು ಸಲ ನೋಡಿ, ಎಲ್ಲ ತಿಳಿದವನಂತೆ ಅವನಿಗೇ ಉತ್ತರಿಸಿದ. "ಆಗತೈತಿ. ಡಾಕ್ಟರ ಕಡೆ ಕಳಸತೇವಿ. ಬ್ಯಾಂಕಿನ ವ್ಯವಹಾರ ಮನಿಯವರ ಕೈಗೆ. ರಾತ್ರಿ ಎಂಟಕ್ಕ ಫೋನ್ ಬಂದ್. ಮನಸ್ಸು ಎಳಿಯೂದು ಅರ್ಧಾ ತಾಸು, ಬಾಳಂದ್ರ ಒಂದು ತಾಸು. ಆ ಹೊತ್ತಿಗೆ ಒಬ್ಬಾಂವ ಬಾಜೂಕ ಕುಂತ್ರ ದಾಟತೈತಿ. ಅದಕ್ಕ ಒಬ್ಬೊಬ್ಬರಿಗೂ ಒಬ್ಬ ಜೊತಿಗಾರ. ಫೋನ್ ಹಚ್ಚಂಗಿಲ್ಲ, ಫೋನ್ ಕೈಗೆ ಬಂದ್ರ ಆಟಾನೂ ಬಂತು. ನಡಕೊಂಡು ಹೋಗಿ ಬಾಗಲಾ ಬಡೀಬೇಕು. ಒಬ್ಬೊಬ್ಬಂದು ಒಂದೊಂದು ಬಡತಾ, ನನ್ನ ಮುಂದ ಈ ಮೇಜಿನ ಮ್ಯಾಲ ಗೊತ್ತು ಮಾಡಿದ್ದು. ಎಷ್ಟು ಹೊತ್ತಿದ್ರೂ ಜೊತಿಗಾರ ಏಳಬೇಕು. ಕಾರಣ ಕೇಳಬಾರದು."

ಎಂಟಕ್ಕೆ ಫೋನು ಬಂದ್. ಏಳೂವರೆಗೆ ಬೋನಸ್. ಸಂಜಯ ಈ ಕುರ್ಚಿಗಳ ನಡುವೆ ಕುಳಿತು ಕಲಿತದ್ದು ಅದನ್ನು. ತ್ರಿವೇಣಿ ಬೆರಳ ಗೆಣ್ಣಿನಿಂದ ಮೇಜು ಬಡಿದರು. ಮೂರು, ತಡೆದು, ಒಂದು.

ಕಲ್ಲಯ್ಯ ಮೇಜಿನ ಮೇಲೆ ಕೈಯೂರಿ ಮುಂದೆ ಬಾಗಿದ. "ಇದು ಬಾಳೇಶಂದು. ನಿಮಗ ಯಾರು ಹೇಳಿದ್ರು?"

"ಬಾಳೇಶ ಎಲ್ಲದಾನ?"

"ಅಂವ ಹೋಗಿ ತಿಂಗಳ ಮ್ಯಾಲಾತ್ರಿ. ಅಕ್ಟೋಬರ್ ಹನ್ನೊಂದಕ್ಕ ಮಲಪ್ರಭಾದಾಗ ಸಿಕ್ಕ. ಸಂಜಯ ಅವನ ಜೊತಿಗಾರ."

ಸತ್ತವನ ಬಡಿತ. ಅದನ್ನು ಬಲ್ಲವರು ಮೂವರು: ಒಬ್ಬ ನದಿಯ ಪಾಲಾದ, ಒಬ್ಬ ಕಾಣೆಯಾಗಿದ್ದಾನೆ, ಒಬ್ಬ ಎದುರಿಗೆ ಕುಳಿತಿದ್ದಾನೆ. ಆದರೆ ಗುರುವಾರ ರಾತ್ರಿಯಿಡೀ ಕಲ್ಲಯ್ಯ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ, ಹೊಸದಾಗಿ ದಾಖಲಾದವನ ಮಂಚದ ಬಳಿ ಇದ್ದ. ಉಳವಪ್ಪ ಹೋಗಿ ವಾರ್ಡಿನ ವಹಿಯಲ್ಲಿ ಅವನ ಸಹಿ ನೋಡಿ ಬಂದ.

ಬಾಳೇಶನ ತಾಯಿ ಫಕೀರವ್ವ ಸಿಕ್ಕದ್ದು ಖಾನಾಪುರದ ಅಂಚಿನಲ್ಲಿ, ತಮ್ಮನ ಮನೆಯ ಕುರಿಗಳ ನಡುವೆ. ಮಗ ಫೌಂಡ್ರಿಯಲ್ಲಿ ಕೆಲಸ ಹಿಡಿದಾಗ ಅವನೊಂದಿಗೆ ಪೀರನವಾಡಿಯಲ್ಲಿ ಬಾಡಿಗೆ ಮನೆ ಮಾಡಿದ್ದವಳು.

"ಸಂಜಯ ಕಾಣೆಯಾಗ್ಯಾನ, ಯವ್ವಾ."

"ಕೇಳೇನಿ. ಸಿಕ್ರ ನನಗ ಹೇಳಬ್ಯಾಡ್ರಿ. ಸಿಗದಿದ್ರ ಹೇಳಿ ಕಳಸ್ರಿ, ಓಣಿಗೆಲ್ಲಾ ಹೋಳಿಗಿ ಹಂಚತೇನಿ."

"ನಿಮ್ಮ ಮಗಾ ಅವನ ಬಾಗಲಾ ಹೆಂಗ ಬಡಿತಿದ್ದ?"

"ನನಗೇನ ಗೊತ್ತು? ಜೊತಿಗಾರನ ಕಡೆ ಹೊಂಟೇನಿ ಅಂತಿದ್ದ. ಒಳ್ಳೇದಾತಂತ ಕಳಸತಿದ್ದೆ. ಬರೂವಾಗ ಒಂದ ಮಾತೂ ಆಡತಿರಲಿಲ್ಲ. ಸಂಜಯನ ಹೆಸರು ಹೇಳಿದ್ರ ನನ್ನ ಕುರಿ ಸೈತ ಉಗುಳತಾವು ನೋಡ್ರಿ. ಮಂದಿ ಬಿಡ್ರಿ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಹಿಂತಿರುಗುವ ದಾರಿಯಲ್ಲಿ ತ್ರಿವೇಣಿ ತಮ್ಮನ್ನೇ ಕೇಳಿಕೊಂಡರು: ಇವನು ಸಿಗಬೇಕೆಂದು ಬಯಸುವವರು ಈ ತಾಲೂಕಿನಲ್ಲಿ ಅವನ ತಾಯಿಯನ್ನು ಬಿಟ್ಟು ಯಾರಿದ್ದಾರೆ? ಉತ್ತರ ಹಿತವಾಗಿರಲಿಲ್ಲ. ಆದರೂ ಜೀಪು ನಿಧಾನವಾಗಲು ಅವರು ಬಿಡಲಿಲ್ಲ. ಆ ಸಂಜೆ ಏಳೂವರೆಗೆ ಅದೇ ಸಂದೇಶ, ಅದೇ ಟವರ್.

ಭಾನುವಾರ ಬೆಳಿಗ್ಗೆ 8.40. ತ್ರಿವೇಣಿ ಉಳವಪ್ಪನನ್ನು ಕೇಳಿದರು, "ಬಾಳೇಶನ ಬಡತಾ ಬಿದ್ದದ್ದು ಯಾರ ಬಾಗಲಾ ಮ್ಯಾಲ?"

"ಸಂಜಯನ ಬಾಗಲಾ ಮ್ಯಾಲ."

"ಅಂದ್ರ ಕೇಳಿದವರು ಆ ಬಾಜು ಇರಬೇಕಲ್ಲ? ನಾವು ಊರೆಲ್ಲಾ ತಿರಗಾಕತ್ತೇವಿ."

ಸಂಜಯನ ಮನೆಗೆ ಗೋಡೆ ಹಂಚಿಕೊಂಡಿದ್ದವಳು ಗೌರವ್ವ; ಎಪ್ಪತ್ತರ ಮುದುಕಿ, ಮಂಡಿನೋವಿನಿಂದ ರಾತ್ರಿ ನಿದ್ದೆಯಿಲ್ಲ. ತ್ರಿವೇಣಿ ಅವಳ ಮಂಚದ ಕಾಲಿನ ಮೇಲೆ ಬಡಿದು ತೋರಿಸಿದರು.

"ಅಯ್ಯ, ಅದನ್ನ ಕೇಳಿ ಕೇಳಿ ನನ್ನ ತಲಿ ಹಣ್ಣಾಗಿತ್ತು, ಬಾಯಿ. ದಸರಾ ಆದ ಮ್ಯಾಲ, ಮೂರು ರಾತ್ರಿ. ಕಡೀ ರಾತ್ರಿಯಂತೂ ಬೆಳಗಾಗೂತನಾ."

"ಮೊನ್ನೆ ಗುರುವಾರ?"

"ಗುರುವಾರ ಎಲ್ಲಿದು? ಗಡಿಯಾರದ ಗಂಟಿ ಹನ್ನೆರಡು ಎಣಿಸೇನಿ, ಒಂದು ಎಣಿಸೇನಿ. ಬಾಗಲಾ ಯಾರೂ ಬಡೀಲಿಲ್ಲ."

ಉಳವಪ್ಪ ಪೀರನವಾಡಿಯ ಅಂಚಿನ ನಾಕಾದ ಪೆಟ್ರೋಲ್ ಬಂಕಿನ ಸಿಸಿಟಿವಿ ಮುಂದೆ ಎರಡು ತಾಸು ಕುಳಿತ. ಗುರುವಾರ ಸಂಜೆ 5.40ಕ್ಕೆ ಸಂಜಯನ ಸ್ಕೂಟರು ಖಾನಾಪುರದ ಕಡೆ ಹೋಗಿತ್ತು, ಮೇಲೆ ಇಬ್ಬರು. 8.25ಕ್ಕೆ ಹಿಂದಿರುಗಿತ್ತು, ಮೇಲೆ ಒಬ್ಬರೇ, ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸು. ಅಂದರೆ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಹಾಸಿಗೆಯಿಂದ ಏಳಲು ಸಂಜಯ ಪೀರನವಾಡಿಯಲ್ಲಿ ಇರಲೇ ಇಲ್ಲ.

11.30ಕ್ಕೆ ತ್ರಿವೇಣಿ ಸಂಜಯನ ಮನೆಯ ಬಾಗಿಲ ಮುಂದೆ ನಿಂತರು. ಕರೆಗಂಟೆ ಮುಟ್ಟಲಿಲ್ಲ. ಮೂರು ಸಲ ಬಡಿದು, ತಡೆದು, ಮತ್ತೊಂದು ಸಲ ಬಡಿದರು.

ಒಳಗೆ ಪಾತ್ರೆಯೊಂದು ನೆಲಕ್ಕೆ ಬಿದ್ದು ಉರುಳಿತು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ತೆರೆದವಳು ಸಂಜಯನ ಹೆಂಡತಿ; ಅಂಗೈಯಲ್ಲಿ ಆಗಲೇ ಒಂದು ಕೀಲಿ ಇತ್ತು.

"ಜೀವಂತ ಅದಾರೇನು?" ತ್ರಿವೇಣಿ ಕೇಳಿದರು.

"ನೀರಿನ ಕೊಡಾ ಇಟ್ಟೇನ್ರಿ. ಅವಲಕ್ಕಿ ಇಟ್ಟೇನಿ. ಖಾನಾಪುರದ ಬಂದ್ ಬಿದ್ದ ಹಂಚಿನ ಫ್ಯಾಕ್ಟರಿ, ಹಿಂದಿನ ಖೋಲಿ. ನಮ್ಮ ಅಪ್ಪ ಅಲ್ಲಿ ವಾಚಮನ್ ಇದ್ದ. ಹನ್ನೆರಡು ಹುಡುಗರು ಐಡಿ ಕೇಳಾಕತ್ತಾರ, ಅಲ್ಲಿ ಕುಂತಾರ ಅಂದೆ. ಓಡಿ ಬಂದ್ರು. ಅವರ ಫೋನ್ ನನ್ನ ಚೀಲದಾಗ ಇತ್ತು, ಏಳೂವರಿ ಮೆಸೇಜ್ ನಾನ ಹಾಕಿದೆ."

ಉಳವಪ್ಪ ಕೀಲಿ ತೆಗೆದುಕೊಂಡು ಜೀಪಿನತ್ತ ನಡೆದ.

"ಯಾಕ?"

"ಬಾಳೇಶ ನನಗ ಅಕ್ಕಾ ಅಂತಿದ್ದ. ಒಂದನೇ ರಾತ್ರಿ ಅವರು ಒಳಗ ಕರದು ಚಾ ಮಾಡಸಿದ್ರು, ಹೊಸಾ ಐಡಿ ಕೊಟ್ರು. ಎರಡನೇ ರಾತ್ರಿ ಅವನ ಪಗಾರ ಪೂರಾ ಹೋತು. ಮೂರನೇ ರಾತ್ರಿ ಅವನ ಕಡೆ ಏನೂ ಉಳಿದಿರಲಿಲ್ಲ. ಮನ್ಯಾಗಿಲ್ಲ ಅಂತ ಹೇಳು ಅಂದ್ರು. ನಾ ಹೇಳಿದೆ, ಮೇಡಂ. ಈ ಬಾಯಲೆ ಹೇಳಿದೆ. ಅಂವ ಬೆಳಗಾಗೂತನಾ ಬಡದಾ. ಆಮ್ಯಾಲ ನಿಂತಿತು."

ಧ್ವನಿಯಲ್ಲಿ ಏರಿಳಿತವಿರಲಿಲ್ಲ.

"ಅವರೂ ಮೂರು ರಾತ್ರಿ ಬಡೀಲಿ ಅಂದೆ. ಕೈ ಒಡಿಯೂಹಂಗ ಬಡೀಲಿ. ಯಾರೂ ತಗೀಬಾರದು. ಇವತ್ತಿಗೆ ಲೆಕ್ಕಾ ಮುಗದಿತ್ತು. ಅತ್ತಿ ಠಾಣೆಗೆ ನಡಿ ಅಂದ್ರು, ಬಂದೆ."

"ಸುಳ್ಳು ಹೇಳೂದಿತ್ತಂದ್ರ ಬ್ಯಾರೆ ಏನರೆ ಹೇಳಬಹುದಿತ್ತು. ಗಂಟಿ ಬಾರಸಿದ್ರು ಅಂದಿದ್ರ ನಾವು ಇಲ್ಲಿಗೆ ಬರತಿರಲಿಲ್ಲ. ಆ ಬಡತಾನ ಯಾಕ ಹೇಳಿದ್ರಿ?"

ಆಕೆ ತೆರೆದ ಬಾಗಿಲ ಹಲಗೆಯ ಮೇಲೆ ಕೈ ಇಟ್ಟಳು.

"ನನಗ ರಾತ್ರಿ ಬ್ಯಾರೆ ಏನೂ ಕೇಳಸವಲ್ದರಿ."

12.50ಕ್ಕೆ ಪಂಚರ ಸಮಕ್ಷಮ ಹಂಚಿನ ಕಾರ್ಖಾನೆಯ ಕೋಣೆ ತೆರೆಯಲಾಯಿತು. ಸಂಜಯ ಬದುಕಿದ್ದ. ಬಾಗಿಲ ಒಳಮೈಯಲ್ಲಿ ಎದೆಯೆತ್ತರಕ್ಕೆ ರಕ್ತದ ಕಲೆಗಳಿದ್ದವು. ಬೆರಳ ಗೆಣ್ಣುಗಳು ಸುಲಿದಿದ್ದವು. ಅವನ ಮೇಲೆ ಬೆಟ್ಟಿಂಗಿನ ಪ್ರತ್ಯೇಕ ಪ್ರಕರಣ ದಾಖಲಾಯಿತು.

"ಹೊರಗ ಬಂದಾಂವ ಏನ ಕೇಳಿದ ಹೇಳ್ರಿ, ಮೇಡಂ," ಉಳವಪ್ಪ ಫೋನಿನಲ್ಲಿ ಹೇಳಿದ. "ದವಾಖಾನಿ ಕೇಳಲಿಲ್ಲ, ಹೆಂಡ್ತಿ ಕೇಳಲಿಲ್ಲ. ಫೋನ್ ಕೇಳಿದ. ನಿನ್ನಿ ಮ್ಯಾಚ್ ಏನಾತು ಅಂದ."

ಮೂರು ಭಾನುವಾರ ಅತ್ತ ಆ ಅಳು ಪೂರ್ತಿ ನಾಟಕವಾಗಿರಲಿಕ್ಕಿಲ್ಲ ಎಂದು ತ್ರಿವೇಣಿಗೆ ಮೊದಲ ಸಲ ಅನಿಸಿತು. ಅವರು ಕಲ್ಲಯ್ಯನಿಗೆ ಸುದ್ದಿ ಮುಟ್ಟಿಸಿದರು. ಅವನ ಕಡೆಯಿಂದಲೂ ಒಂದು ಸುದ್ದಿಯಿತ್ತು: ಮೆಸೇಜಿನ ಸಹಾಯವಾಣಿಗೆ ಫೋನು ಮಾಡಿ ವಿಳಾಸ ತಿಳಿದು, ಬೈಠಕ್ಕಿಗೆ ಆ ಬೆಳಿಗ್ಗೆ ಹತ್ತೊಂಬತ್ತು ಹೊಸಬರು ಬಂದಿದ್ದರು, ಕುರ್ಚಿ ಸಾಲದೆ ಕೆಲವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಮುಂದಿನ ಭಾನುವಾರದ ರಜೆಗೆ ಉಳವಪ್ಪ ಚೀಟಿ ಬರೆದುಕೊಟ್ಟ. ತ್ರಿವೇಣಿ ಕಾರಣದ ಸಾಲು ಓದದೆ ಸಹಿ ಹಾಕಿದರು.

ಸಂಜೆ 4.40. ಸೂರ್ಯ ಮುಳುಗುವ ಮೊದಲು, ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮ ಬಂಧನ ಪತ್ರ ತುಂಬಬೇಕಿತ್ತು. ಉಳವಪ್ಪ ಪೆನ್ನು ಹಿಡಿದು ತಲೆಯೆತ್ತಿದ. ದೂರಿನಲ್ಲಿ ಹೆಸರಿದ್ದರೂ ಮೂರು ದಿನದಿಂದ ಠಾಣೆಯವರ ಬಾಯಲ್ಲಿ, ಓಣಿಯವರ ಬಾಯಲ್ಲಿ, ಅತ್ತೆಯ ಬಾಯಲ್ಲೂ ಆಕೆ ಬರೀ ಸಂಜಯನ ಹೆಂಡತಿ. ಆರೋಪಿಯ ಹೆಸರೇನೆಂದು ಅವನು ಕೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದಳು.

"ಮನಿಷಾ."