ನಾಲ್ಕನೇ ಸ್ಕ್ರೂ ಮುರಿದವರು ಯಾರು?

"ಕೈ ತೆಗೀರಿ! ಆ ಸುತ್ತಿಗೆ ಕೆಳಗಿಡಿ ಮೊದಲು!"

ಬಂದರಿನ ತನ್ನ ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ದೋಣಿಯವನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಅವನ ಮುಂದೆ ಮೇಜಿನ ಮೇಲೆ ಹಳೆಯ ದೋಣಿಯ ವಿಂಚ್ ಇತ್ತು. ಲಂಗರಿನ ಸರಪಳಿ ಎಳೆಯುವ ಯಂತ್ರ. ಅದರ ಮುಚ್ಚಳದ ನಾಲ್ಕು ಸ್ಕ್ರೂಗಳೂ ಉಪ್ಪುನೀರು ಕುಡಿದು ಕುಡಿದು ಕಲ್ಲಿನಂತೆ ಕಚ್ಚಿಕೊಂಡಿದ್ದವು.

"ನಂದೇ ವಿಂಚ್ ರೀ..."

"ಇರಬಹುದು. ಮೇಜು ನಂದು. ನನ್ನ ಮೇಜಿನ ಮೇಲೆ ಕೊಲೆ ಮಾಡೋಕೆ ಬಿಡಲ್ಲ!"

ಮೂಲೆಯ ಕುರ್ಚಿಯಲ್ಲಿದ್ದ ಅವಳ ಅಪ್ಪ ನಕ್ಕರು. "ತಮ್ಮಾ, ಬಂದರಲ್ಲೆಲ್ಲ ಇವಳನ್ನ ಕೆಂಡ ಅಂತಾರೆ. ಬರಿಗೈಲಿ ಮುಟ್ಟೋಕೆ ಹೋಗ್ಬೇಡ."

ಅವನೂ ನಕ್ಕ. ಅವಳು ನಗಲಿಲ್ಲ. ಆದರೆ ಅವನು ಸುತ್ತಿಗೆಯನ್ನು ಎಸೆಯದೆ ಮೆತ್ತಗೆ ಕೆಳಗಿಟ್ಟದ್ದನ್ನು ನೋಡಿದಳು. ಹತಾರವನ್ನು ಹೇಗೆ ಕೆಳಗಿಡುತ್ತಾನೆ ಎನ್ನುವುದರಲ್ಲೇ ಮನುಷ್ಯನ ಅರ್ಧ ಗುಣ ಗೊತ್ತಾಗುತ್ತದೆ.

"ಎಷ್ಟು ಹೊತ್ತಾಗುತ್ತೆ?"

"ಹೊತ್ತಲ್ಲ, ದಿನಗಳು. ಎಣ್ಣೆ ಬಿಡ್ಬೇಕು, ಕಾಯ್ಬೇಕು. ಬಿಸಿ ಮಾಡ್ಬೇಕು, ತಟ್ಬೇಕು, ಮತ್ತೆ ಕಾಯ್ಬೇಕು. ಮುಚ್ಚಳ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಸಮುದ್ರದಲ್ಲಿ ಇವೆರಡೂ ಸೇರಿದ್ರೆ ಬಿಡಿಸೋದು ಕಷ್ಟ. ಮುಚ್ಚಳ ಸೀಳಿದ್ರೆ ಇನ್ನೊಂದು ಸಿಗಲ್ಲ, ಇದನ್ನ ಮಾಡೋರೇ ಈಗಿಲ್ಲ."

ಅವನ ಮುಖದ ನಗು ಇಳಿಯಿತು. ವರ್ಷಗಟ್ಟಲೆ ಪರರ ದೋಣಿ ನಡೆಸಿ, ಈಗಷ್ಟೇ ಸ್ವಂತದ್ದೊಂದು ಹಳೆಯ ದೋಣಿ ಮಾಡಿಕೊಂಡವನು. ಲಂಗರು ಎತ್ತಲಾಗದ ದೋಣಿಯಲ್ಲಿ ಎಲ್ಲಿಗೆ ಹೋಗುವುದು?

"ಕಾಯ್ತೀನಿ," ಎಂದ.

ಕಾಯುತ್ತೇನೆ ಎಂದವನು ಮನೆಯಲ್ಲಿ ಕೂತು ಕಾಯಲಿಲ್ಲ. ದಿನಾ ಬೆಳಿಗ್ಗೆ ಶೆಡ್ಡಿಗೇ ಬಂದ! ಬಾಗಿಲ ಪಕ್ಕ ಚಹಾ ಮಾರುವ ಅವಳ ಸೋದರತ್ತೆಯಿಂದ ಮೂರು ಲೋಟ ತಂದು, ಅಪ್ಪನಿಗೊಂದು, ಅವಳಿಗೊಂದು ಕೊಟ್ಟು, ಹರಟೆ ಶುರುಮಾಡುತ್ತಿದ್ದ.

"ಏನೇ, ವಿಂಚ್ ನೋಡೋಕೆ ಬರ್ತಾನಾ, ನಿನ್ನ ನೋಡೋಕೆ ಬರ್ತಾನಾ?" ಅತ್ತೆ ಕಣ್ಣು ಮಿಟುಕಿಸಿದರು.

"ನಿನ್ನ ಚಹಾ ಕುಡಿಯೋಕೆ."

"ನನ್ನ ಚಹಾ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ!"

ಅವಳು ಮುಖ ತಿರುಗಿಸಿ ನಕ್ಕಳು. ಇಷ್ಟು ದಿನಗಳಲ್ಲಿ, ಅವನು ಬರುವ ಮೊದಲೇ ಶೆಡ್ಡಿಗೆ ಬಂದು, ಮೂರು ಸ್ಕ್ರೂಗಳನ್ನು ಒಂದೊಂದಾಗಿ ತೆಗೆದಿದ್ದಳು. ಉಳಿದದ್ದು ಒಂದು. ವಿಚಿತ್ರವೆಂದರೆ, ಆ ನಾಲ್ಕನೆಯದು ಇನ್ನೂ ಸ್ವಲ್ಪ ದಿನ ಹಟ ಮಾಡಲಿ ಎಂದು ಅವಳ ಮನಸ್ಸು ಬಯಸುತ್ತಿತ್ತು...

ಅವತ್ತು ಬೇರೊಂದು ದೋಣಿಯ ಪಂಪ್ ನೋಡಲು ಅವಳು ಹೊರಡಬೇಕಾಯಿತು.

"ನಾಲ್ಕನೇದನ್ನ ಯಾರೂ ಮುಟ್ಬೇಡಿ. ಎಣ್ಣೆ ಇನ್ನೂ ಒಳಗಿಳಿದಿಲ್ಲ."

ಮಧ್ಯಾಹ್ನ ಬಂದು ನೋಡಿದರೆ, ಸ್ಕ್ರೂವಿನ ತಲೆ ಮೇಜಿನ ಮೇಲೆ ಬಿದ್ದಿತ್ತು. ದೇಹ ಮುಚ್ಚಳದೊಳಗೇ ಹೂತಿತ್ತು.

ಅಪ್ಪ ನೆಲ ನೋಡುತ್ತಿದ್ದರು. ದೋಣಿಯವನು ಅಪ್ಪನನ್ನು ನೋಡುತ್ತಿದ್ದ.

"ಯಾರು ಮಾಡಿದ್ದು?"

"ನಾನೇ," ಎಂದ ಅವನು. "ತಡೆಯೋಕಾಗ್ಲಿಲ್ಲ. ತಪ್ಪಾಯ್ತು."

ಅವಳ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಸ್ಕ್ರೂ ಹೋದದ್ದಕ್ಕಲ್ಲ. ಕಾಯಬಲ್ಲ ಗಂಡಸು ಇವನು ಎಂದು ನಂಬಿದ್ದಳಲ್ಲ, ಅದಕ್ಕೆ!

"ಒಂದು ದಿನ... ಒಂದೇ ಒಂದು ದಿನ ಸುಮ್ನೆ ಇರೋಕಾಗಲ್ವಾ ನಿಮಗೆ? ಎತ್ಕೊಂಡು ಹೋಗಿ ನಿಮ್ಮ ವಿಂಚ್‌ನ! ಇನ್ನೊಬ್ಬರ ಕೆಲಸಕ್ಕೆ ಮರ್ಯಾದೆ ಕೊಡೋಕೆ ಬರದವರು ಈ ಬಾಗಿಲಿಗೆ ಬರ್ಬೇಡಿ!"

"ಪುಟ್ಟೀ..." ಅಪ್ಪ ಬಾಯಿ ತೆರೆದರು.

"ನೀವು ಸುಮ್ನಿರಿ ಅಪ್ಪಾಜಿ," ಎಂದು ದೋಣಿಯವನೇ ತಡೆದ. ವಿಂಚನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ.

ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಅಪ್ಪನೂ ತಟ್ಟೆ ಸರಿಸಿ ಎದ್ದರು. 'ಪಾಪ, ನನ್ನ ಬೇಸರ ನೋಡಿ ಅವರಿಗೂ ಬೇಸರ' ಎಂದುಕೊಂಡಳು. ಸಿಟ್ಟಿನಲ್ಲಿರುವವರಿಗೆ ಎಲ್ಲವೂ ತಮ್ಮ ಸುತ್ತಲೇ ತಿರುಗಿದಂತೆ ಕಾಣುತ್ತದೆ.

ಮರುದಿನ ಮೇಜು ಒರೆಸುವಾಗ ಆ ತುಂಡಾದ ತಲೆ ಕೈಗೆ ಸಿಕ್ಕಿತು. ಎಸೆಯಲೆಂದು ಎತ್ತಿದವಳು ಬೆಳಕಿಗೆ ಹಿಡಿದಳು.

ಸ್ಕ್ರೂವಿನ ಸೀಳಿನಲ್ಲಿ ಹೊಸ ಗಾಯವೊಂದು ಹೊಳೆಯುತ್ತಿತ್ತು. ಆದರೆ... ಆ ಗಾಯ ಇರಬೇಕಾದ ಕಡೆ ಇರಲಿಲ್ಲ!

ಬಿಚ್ಚುವ ಆತುರದಲ್ಲಿರುವವನು ಸ್ಕ್ರೂವನ್ನು ಬಿಚ್ಚುವ ದಿಕ್ಕಿಗೇ ತಿರುಗಿಸುತ್ತಾನೆ. ಇದನ್ನು ಯಾರೋ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿ ಮುರಿದಿದ್ದರು.

ಕಚ್ಚಿಕೊಂಡ ಸ್ಕ್ರೂವನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಒಳಗಿನ ತುಕ್ಕು ಒಡೆಯುತ್ತದೆ, ಆಮೇಲೆ ಬಿಚ್ಚಬೇಕು. ಈ ಶೆಡ್ಡಿನಲ್ಲಿ ಹಾಗೆ ಮಾಡುವವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬರು ಅವಳಿಗೆ ಕಲಿಸಿದವರು.

ಅವಳು ನಿಧಾನವಾಗಿ ತಿರುಗಿದಳು.

ಅಪ್ಪ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ಚಹಾ ತುಳುಕಿ ಅಂಗಿಯ ಮೇಲೆ ಬಿದ್ದಿತ್ತು.

ಎಷ್ಟು ದಿನದಿಂದ ಹೀಗೆ? ಒಂದೇ ಸೂರಿನಡಿ ಇದ್ದೂ ತನಗೆ ಕಾಣಲಿಲ್ಲವೇ? ಇಲ್ಲ... ಕಂಡಿತ್ತು. ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡಾಗ, ಸಹಿ ಮಾಡಲು 'ನೀನೇ ಮಾಡಮ್ಮ' ಎಂದಾಗ ಕಂಡಿತ್ತು. ನೋಡಲು ಅವಳಿಗೆ ಧೈರ್ಯವಿರಲಿಲ್ಲ.

"ಅತ್ತೇ, ಅಪ್ಪನ್ನ ನೋಡ್ಕೋ!" ಎಂದವಳೇ ದೋಣಿಕಟ್ಟೆಯ ಕಡೆ ಓಡಿದಳು.

ಅವನು ದೋಣಿಯ ಅಂಚಿನಲ್ಲಿ ಕೂತಿದ್ದ. ವಿಂಚ್ ಪಕ್ಕದಲ್ಲಿತ್ತು, ಗೋಣಿ ಮುಚ್ಚಿತ್ತು.

"ಸುಳ್ಳು ಯಾಕೆ ಹೇಳಿದ್ರಿ?"

"ಯಾವ ಸುಳ್ಳು? ನಾನೇ ಮುರಿದದ್ದು."

"ಯಾವ ಕಡೆಗೆ ತಿರುಗಿಸಿದ್ರಿ?"

ಅವನು ತಬ್ಬಿಬ್ಬಾದ. "ಅದು... ಬಿಚ್ಚೋ ಕಡೆಗೇ."

"ಅದು ಬಿಗಿ ಮಾಡೋವಾಗ ಮುರಿದಿದೆ ರೀ. ಸುಳ್ಳು ಹೇಳೋಕೂ ಕೆಲಸ ಬರ್ಬೇಕು!"

ಅವನು ತಲೆತಗ್ಗಿಸಿದ. ಮೆಲ್ಲಗೆ ಹೇಳಿದ.

"ನೀವು ಬರೋದ್ರೊಳಗೆ ತೆಗೆದು ನಿಮ್ಮನ್ನ ಖುಷಿ ಪಡಿಸ್ಬೇಕು ಅಂತ ಅಪ್ಪಾಜಿ ಹೊರಟ್ರು. ಕೈ ನಡುಗ್ತಿತ್ತು. ನಡುಕ ನಿಲ್ಲಿಸೋಕೆ ಮೈಭಾರವೆಲ್ಲ ಹಾಕಿದ್ರು... ಟಕ್ ಅಂತು. ಆಮೇಲೆ ನನ್ನ ಕೈ ಹಿಡ್ಕೊಂಡ್ರು. 'ಮಗಳಿಗೆ ಗೊತ್ತಾದ್ರೆ ಹತಾರ ಕಿತ್ಕೋತಾಳೆ. ಹತಾರ ಹೋದ್ಮೇಲೆ ನಾನು ಬರೀ ಬಾಯಿ ಹಾಕ್ಕೊಂಡು ಕೂತಿರೋ ಮುದುಕ' ಅಂದ್ರು. ಏನು ಮಾಡ್ಲಿ?"

ಅವಳ ಕಣ್ಣು ತುಂಬಿತು. ಆದರೂ ಸಿಟ್ಟು ಪೂರ್ತಿ ಹೋಗಲಿಲ್ಲ.

"ಒಳ್ಳೇ ಮನಸ್ಸಿಂದ ಮಾಡಿದ್ರಿ, ಒಪ್ತೀನಿ. ಆದ್ರೆ ನಡುಗೋ ಕೈಯಲ್ಲಿ ನಾಳೆ ಡ್ರಿಲ್ ಹಿಡಿದಿದ್ರೆ? ಬೆರಳು ಹೋಗಿದ್ರೆ? ಇಂಥದ್ದನ್ನ ಮುಚ್ಚಿಡ್ಬಾರ್ದು ರೀ... ನನ್ನಿಂದಂತೂ ಮುಚ್ಚಿಡ್ಬಾರ್ದು."

"ಅಷ್ಟು ದೂರ ಯೋಚಿಸ್ಲಿಲ್ಲ," ಎಂದ ಅವನು. "ಕ್ಷಮಿಸಿ. ಈ ಸಲ ನಿಜವಾಗ್ಲೂ."

"ಕೂಗಾಡಿದ್ದಕ್ಕೆ ನಾನೂ ಕೇಳ್ಬೇಕು ಕ್ಷಮೆ. ಏಳಿ. ವಿಂಚ್ ಎತ್ಕೊಳ್ಳಿ."

ಶೆಡ್ಡಿನಲ್ಲಿ ಇಬ್ಬರನ್ನೂ ಒಟ್ಟಿಗೆ ಕಂಡ ಅಪ್ಪನಿಗೆ ಎಲ್ಲ ಅರ್ಥವಾಯಿತು.

"ಹತಾರ ಕಿತ್ಕೋತೀಯಾ?" ಎಂದರು. ಮಗುವಿನ ದನಿ.

"ಡ್ರಿಲ್ಲು, ಸುತ್ತಿಗೆ, ಬೆಂಕಿ ಕಿತ್ಕೋತೀನಿ ಅಪ್ಪಾ. ನಾಳೆ ಡಾಕ್ಟರ ಹತ್ರ ಹೋಗೋಣ, ಇಲ್ಲ ಅನ್ನೋ ಹಾಗಿಲ್ಲ." ಅವಳು ಅವರ ಎರಡೂ ಕೈ ಹಿಡಿದುಕೊಂಡಳು. ಅವಳ ಹಿಡಿತದೊಳಗೂ ಅವು ನಡುಗುತ್ತಿದ್ದವು. "ಆದ್ರೆ ಈಗ ನಿನ್ನ ಕಿವಿ ಬೇಕು. ಮುರಿದ ಸ್ಕ್ರೂ ಕೊರೆಯೋವಾಗ ಉಕ್ಕು ಮುಗಿದು ಅಲ್ಯೂಮಿನಿಯಂ ತಾಗಿದ್ರೆ ಸದ್ದಲ್ಲೇ ಗೊತ್ತಾಗುತ್ತೆ ಅಂತಿದ್ದೆಯಲ್ಲ? ನನಗೆ ಇನ್ನೂ ಅದು ಬಂದಿಲ್ಲ."

ಅಪ್ಪ ಅವಳನ್ನೇ ನೋಡಿದರು. ಸಮಾಧಾನದ ಮಾತೋ, ನಿಜವೋ ಎಂದು ಅಳೆಯುವಂತೆ. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದರು.

ದೋಣಿಯವನು ವಿಂಚನ್ನು ಅಲುಗದಂತೆ ಹಿಡಿದ. ಅವಳು ಮುರಿದ ಸ್ಕ್ರೂವಿನ ನಟ್ಟನಡುವೆ ಡ್ರಿಲ್ ಊರಿದಳು.

"ನಿಧಾನ... ಹಾಂ, ಹಾಗೇ... ಬಲಕ್ಕೆ ವಾಲ್ತಿದೆ, ನೆಟ್ಟಗೆ ಮಾಡು..."

ಉಕ್ಕಿನ ಸಿಪ್ಪೆ ಸುರುಳಿಯಾಗಿ ಮೇಲೆದ್ದಿತು. ಅವಳ ಹಣೆಯ ಬೆವರು ಮೂಗಿನ ತುದಿಗೆ ಬಂತು.

"ನಿಲ್ಲಿಸು!"

ಅವಳು ಡ್ರಿಲ್ ಎತ್ತಿದಳು. ತೂತಿನ ಗೋಡೆಗೆ ಅಂಟಿ ತೆಳ್ಳನೆಯ ಉಕ್ಕಿನ ಸುತ್ತು ಮಾತ್ರ ಉಳಿದಿತ್ತು. ಇನ್ನೊಂದು ತಿರುವು ಹೆಚ್ಚಾಗಿದ್ದರೂ ಮುಚ್ಚಳ ಸೀಳುತ್ತಿತ್ತು! ಇಕ್ಕಳದಲ್ಲಿ ಹಿಡಿದೆಳೆದಾಗ ಆ ಸುತ್ತು ಹಲ್ಲು ಕಿತ್ತಂತೆ ಹೊರಬಂತು.

ಅಪ್ಪ ಕಣ್ಣು ತೆರೆದರು. ಎದ್ದು, ಗೋಡೆ ಹಿಡಿದುಕೊಂಡು, ಚಹಾ ಹೇಳಲು ಅತ್ತೆಯ ಕಡೆ ಹೋದರು.

ಶೆಡ್ಡಿನಲ್ಲಿ ಇಬ್ಬರೇ ಉಳಿದರು.

"ಈ ನಡುಕ ಕಡಿಮೆ ಆಗಲ್ವೇನೋ," ಎಂದಳು ಅವಳು, ಅಪ್ಪ ಹೋದ ದಾರಿಯನ್ನೇ ನೋಡುತ್ತಾ. "ಜಾಸ್ತಿನೇ ಆಗ್ಬಹುದು. ಮುಂದೆ ತುತ್ತು ಮಾಡಿ ತಿನ್ನಿಸ್ಬೇಕಾಗುತ್ತೋ ಏನೋ. ನನ್ನ ಜೊತೆ ಬದುಕೋನು ಅದಕ್ಕೂ ತಯಾರಿರ್ಬೇಕು."

"ಯಾರನ್ನ ಕೇಳ್ತಿದ್ದೀರಿ?"

"ಇಲ್ಲಿ ಇನ್ನು ಯಾರಿದ್ದಾರೆ?"

ಅವನು ತಮಾಷೆ ಮಾಡಲಿಲ್ಲ.

"ನನ್ನ ಅಪ್ಪನಿಗೆ ಕೊನೆಗಾಲದಲ್ಲಿ ತುತ್ತು ಕೊಡೋ ಭಾಗ್ಯ ಸಿಗ್ಲಿಲ್ಲ. ದೋಣಿ ಮೇಲಿದ್ದೆ," ಎಂದ. "ತಯಾರಿದ್ದೀನಿ. ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ನೀವು ಕೇಳ್ದೇ ಇದ್ದಿದ್ರೂ ಇವತ್ತು ಹೇಳ್ತಿದ್ದೆ."

"ನಾನು ತುಂಬಾ ಬೈತೀನಿ..."

"ಗೊತ್ತು. ಇಡೀ ಬಂದರಿಗೇ ಗೊತ್ತು."

"ಆದ್ರೂನಾ?"

"ಆದ್ರೂ."

ಅವಳು ಅಳುತ್ತಲೇ ನಕ್ಕು ಅವನ ಕೈ ಹಿಡಿಯಹೋದವಳು, ತನ್ನ ಅಂಗೈ ನೋಡಿಕೊಂಡು ಹಿಂದೆಗೆದಳು. "ಅಯ್ಯೋ, ಕೈಯೆಲ್ಲ ಎಣ್ಣೆ..."

"ಇರ್ಲಿ ಬಿಡಿ," ಎಂದು ಅವನೇ ಹಿಡಿದುಕೊಂಡ.