ಮೊಹರು ಬೀಳದ ಅರ್ಜಿ

"ಇದನ್ನ ನಾನು ತಗೊಳ್ಳೋಕೆ ಆಗಲ್ಲ."

ಸ್ನಾತಕೋತ್ತರ ವಿಭಾಗದ ಮೂರನೇ ಕೌಂಟರಿನ ಗುಮಾಸ್ತ ಅವಧಿ ವಿಸ್ತರಣೆಯ ಅರ್ಜಿಯನ್ನು ಗಾಜಿನ ಕೆಳಗಿನ ಸಂದಿಯಿಂದ ಹೊರಗೆ ಸರಿಸಿದ. ಇದು ಮೂರನೇ ಸಲ... ಅದೇ ಅರ್ಜಿ, ಅದೇ ಸಂದಿ, ಅದೇ ತಣ್ಣನೆಯ ಮುಖ.

ಗಾಜಿನ ಈಚೆ ನಿಂತಿದ್ದ ಅವಳಿಗೆ ಪಿತ್ತ ನೆತ್ತಿಗೇರಿತು.

"ಈ ಸಲ ಏನು ತಪ್ಪು?"

"ಕಾರಣ ವಿವರವಾಗಿ ಬರೀಬೇಕು."

"ಬರೆದಿದ್ದೀನಲ್ಲ, ವೈಯಕ್ತಿಕ ಅಂತ."

"ಅದು ಸಾಲಲ್ಲ ಮೇಡಂ. ಏನಾಯ್ತು ಅಂತ ಬರೀರಿ. ಯಾಕಂದ್ರೆ ನಿಯಮದಲ್ಲಿ..."

"ನಮ್ಮನೆ ವಿಷಯ ನಿಮಗ್ಯಾಕೆ? ಸೀಲ್ ಹಾಕೋದು ನಿಮ್ಮ ಕೆಲಸ. ಹಾಕಿ."

ಅವನು ತಲೆ ಎತ್ತಿದ. ಕಣ್ಣುಗಳು ದಣಿದಿದ್ದವು, ಆದರೆ ಕೆಟ್ಟವನ ಕಣ್ಣುಗಳಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಸತಾಯಿಸುವವನಿಗೆ ಇಷ್ಟು ಸಾಧು ಕಣ್ಣು ಯಾಕಿರಬೇಕು?

"ಹಾಕಲ್ಲ," ಎಂದ ಅವನು ಮೆಲ್ಲಗೆ.

ಅವಳು ಅರ್ಜಿಯನ್ನು ಕಿತ್ತುಕೊಂಡು ತಿರುಗಿ ನೋಡದೆ ಹೊರಟುಹೋದಳು.

ಅವಳ ಸಂಕಟ ಸಣ್ಣದೇನಲ್ಲ. ಹಳೆಯ ಗೋಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದಳು. ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯದ ಆ ಜೀವಕ್ಕೆ ಅವಸರವೇ ಇಲ್ಲ. ವಿಶ್ವವಿದ್ಯಾಲಯಕ್ಕೆ ಮಾತ್ರ ಇದೆ. ಏಳು ವರ್ಷದೊಳಗೆ ಪ್ರಬಂಧ ಕೊಡಬೇಕು, ಇಲ್ಲವೇ ನೋಂದಣಿ ರದ್ದು. ಏಳು ವರ್ಷ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಇನ್ನೂ ಎರಡು ಅಧ್ಯಾಯ ಬಾಕಿ. ಅವಧಿ ವಿಸ್ತರಣೆ ಸಿಗದಿದ್ದರೆ ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆ ಮಧ್ಯಾಹ್ನವೇ ಉಪಕುಲಸಚಿವರಿಗೆ ದೂರು ಬರೆದಳು. ಗುಮಾಸ್ತ ಬೇಕೆಂದೇ ಸತಾಯಿಸುತ್ತಾನೆ, ಖಾಸಗಿ ವಿಷಯ ಕೆದಕುತ್ತಾನೆ ಎಂದು. ವಿಸ್ತರಣೆಗೆ ಕಾರಣ ಬರೆಯಲು ಬಾರದ ಕೈ ದೂರನ್ನು ಎರಡು ಪುಟ ಬರೆಯಿತು ನೋಡಿ!

ಮರುದಿನ ಅವನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಆ ಕುರ್ಚಿಗೆ ಬಂದವರು ವಿದ್ಯಾರ್ಥಿಗಳೆಲ್ಲ 'ಮೊಹರು ಮಾವ' ಎಂದು ಕರೆಯುವ ಹಿರಿಯರು. ಅವರು ಏನನ್ನೂ ಓದುವವರಲ್ಲ. ಕಾಗದ ಕಂಡರೆ ಸಾಕು, ಠಪ್ ಎಂದು ಒಂದು ಮೊಹರು.

"ಇಷ್ಟೇ ಅಲ್ವಾ ಮಾವ?"

"ಇಷ್ಟೇ ಕಣಮ್ಮ. ಶುಕ್ರವಾರ ಸಮಿತಿ ಮುಂದೆ ಹೋಗುತ್ತೆ."

ಗೆದ್ದೆ ಎಂದುಕೊಂಡು ಅವಳು ಸೀಲು ಬಿದ್ದ ಪ್ರತಿಯನ್ನು ತನ್ನ ಗೈಡ್ ಮೇಡಂಗೆ ತೋರಿಸಿದಳು. ಮೇಡಂ ಕನ್ನಡಕ ಏರಿಸಿ ಓದಿದರು. ಮುಖ ಬಿಳಿಚಿತು.

"ಯಾರೇ ನಿನಗೆ ಇದಕ್ಕೆ ಸೀಲ್ ಹಾಕಿಸ್ಕೋ ಅಂದಿದ್ದು? ವಿಸ್ತರಣೆಗೆ ಒಂದೇ ಅರ್ಜಿ. ಸೀಲ್ ಬಿತ್ತು ಅಂದ್ರೆ ಅದೇ ಲೆಕ್ಕಕ್ಕೆ. ಸರಿಯಾದ ಕಾರಣ ಇಲ್ಲ ಅಂತ ಸಮಿತಿ ತಳ್ಳಿಹಾಕಿದ್ರೆ ಎರಡನೇದು ಕೊಡೋ ಹಾಗೇ ಇಲ್ಲ."

"ಮತ್ತೆ ಆ ಗುಮಾಸ್ತ ಮೂರು ಸಲ ವಾಪಸ್ ಕೊಟ್ಟಿದ್ದು..."

"ಸೀಲ್ ಹಾಕದೆ ವಾಪಸ್ ಕೊಟ್ಟನಲ್ಲ, ಆ ಪುಣ್ಯಾತ್ಮ ನಿನ್ನನ್ನ ಮೂರು ಸಲ ಉಳಿಸಿದ್ದಾನೆ ಕಣೇ."

ಅವಳು ನೆಲಮಾಳಿಗೆಯ ಕಡೆ ಓಡಿದಳು. 'ಅಯ್ಯೋ, ನಾನು ಏನು ಮಾಡಿಬಿಟ್ಟೆ...'

ನೆಲಮಾಳಿಗೆಯಲ್ಲಿ ಅವನು ಅಂಗಿಯ ತೋಳು ಮಡಚಿ, ಹಳೆಯ ಕಡತಗಳಿಗೆ ದಾರ ಕಟ್ಟುತ್ತಿದ್ದ. ಕೂದಲ ಮೇಲೆಲ್ಲ ಧೂಳು. ಬಾಗಿಲಲ್ಲಿ ಅವಳನ್ನು ಕಂಡು ಎದ್ದು ನಿಂತ.

"ಇನ್ನೂ ಬೈಯೋದು ಬಾಕಿ ಇತ್ತಾ?"

"ಇಲ್ಲ... ಬೈಸ್ಕೊಳ್ಳೋಕೆ ಬಂದೆ."

ಅವನು ಬೈಯಲಿಲ್ಲ. ಸ್ಟೂಲಿನ ಧೂಳು ಒರೆಸಿ ಅವಳ ಕಡೆ ಸರಿಸಿದ.

"ಸೀಲ್ ಬಿತ್ತಾ?"

"ಬಿತ್ತು."

"ಇನ್ನೂ ಒಂದು ದಾರಿ ಇದೆ. ಮನೆಯವರ ಆರೈಕೆಗೆ ಅಂತ ಓದು ನಿಲ್ಲಿಸಿದ್ರೆ ಆ ತಿಂಗಳುಗಳನ್ನ ಏಳು ವರ್ಷಕ್ಕೆ ಸೇರಿಸಲ್ಲ. ಆಸ್ಪತ್ರೆ ಕಾಗದ ತಗೊಂಡು ಸಮಿತಿ ಮುಂದೆ ನೀವೇ ಹೇಳ್ಬೇಕು."

ಅವಳು ಬೆಚ್ಚಿದಳು. "ಆರೈಕೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೀವು ಅರ್ಜಿ ಜೊತೆ ಕೊಟ್ಟ ಫೈಲಿನಲ್ಲಿ ಆಸ್ಪತ್ರೆ ವಾರ್ಡಿನ ಪಾಸುಗಳು ಸಿಕ್ಕಿಕೊಂಡಿದ್ವು. ಒಂದೆರಡಲ್ಲ, ಹದಿನೇಳು."

"ಆವಾಗ್ಲೇ ಹೇಳ್ಬಹುದಿತ್ತಲ್ಲ..."

"ನಾನು ನಿಯಮ ಅಂತ ಬಾಯಿ ತೆಗೆದಾಗೆಲ್ಲ ನೀವು ಹೊರಟುಹೋಗ್ತಿದ್ರಿ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು. ಯಾರಿಗೂ ಹೇಳದ್ದನ್ನು ಆ ಧೂಳಿನ ನಡುವೆ ಕೂತು ಅವನಿಗೆ ಹೇಳಿದಳು. ಅಮ್ಮನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತದ್ದು, ಎರಡು ವರ್ಷ ನಾಲ್ಕು ತಿಂಗಳು ಒಂದೊಂದೇ ಪದ ಹೇಳಿಕೊಟ್ಟದ್ದು. ಮಾತು ಮರಳಿದಾಗ ಅಮ್ಮ ಮೊದಲು ಕೇಳಿದ್ದೇ ಒಂದು ವಚನ... 'ನನ್ನಿಂದ ನಿನ್ನ ಓದು ನಿಂತಿತು ಅಂತ ಎಲ್ಲೂ ಬರೀಬೇಡ.'

"ಮಾತು ಕೊಟ್ಟುಬಿಟ್ಟಿದ್ದೀನಿ," ಎಂದಳು.

ಅವನು ಕೈಯಲ್ಲಿದ್ದ ದಾರ ಕೆಳಗಿಟ್ಟ. "ಕೊಟ್ಟ ಮಾತು ದೊಡ್ಡದು. ಬೇರೆ ಏನಾದ್ರೂ ಆಗುತ್ತಾ ನೋಡೋಣ."

ಹೀಗೆ ಮಾಡಿ, ಹಾಗೆ ಮಾಡಿ ಎಂದು ಅವನು ಒತ್ತಾಯಿಸಲಿಲ್ಲ. ತನ್ನ ಕುರ್ಚಿ ಹೋದದ್ದರ ಮಾತೂ ಎತ್ತಲಿಲ್ಲ. 'ನೋಡೋಣ' ಎಂಬ ಆ ಒಂದು ಪದದಲ್ಲಿ ಅವನು ತನ್ನ ಪಕ್ಕಕ್ಕೆ ಬಂದು ನಿಂತ ಹಾಗೆ ಅವಳಿಗೆ ಅನಿಸಿತು. ಅವಳ ಮನಸ್ಸು ಅವನ ಕಡೆ ವಾಲಿದ್ದು ಆಗಲೇ. ಅದನ್ನು ಅವಳು ಒಪ್ಪಿಕೊಳ್ಳಲು ಶುಕ್ರವಾರದವರೆಗೆ ಸಮಯ ತೆಗೆದುಕೊಂಡಳು, ಅಷ್ಟೇ.

ಶುಕ್ರವಾರ. ಉದ್ದದ ಮೇಜು, ಐದು ಜನ ಪ್ರಾಧ್ಯಾಪಕರು. ಅವಳ ಬ್ಯಾಗಿನಲ್ಲಿ ಆಸ್ಪತ್ರೆಯ ಕಾಗದಗಳಿದ್ದವು, ಹೊರಗೆ ತೆಗೆಯುವ ಧೈರ್ಯ ಇರಲಿಲ್ಲ.

ಅಧ್ಯಕ್ಷರು ಅರ್ಜಿ ಮಗುಚಿದರು. "ವೈಯಕ್ತಿಕ ಕಾರಣ ಅಂದ್ರೆ ನಾವು ಕೊಡೋಕಾಗಲ್ಲಮ್ಮ. ಆದ್ರೆ ನಿಮ್ಮದೊಂದು ದೂರು ಇದೆಯಲ್ಲ. ಸಿಬ್ಬಂದಿ ಸತಾಯಿಸಿದ್ದರಿಂದ ತಡವಾಯ್ತು ಅಂತ ಇಲ್ಲಿ ಸಹಿ ಮಾಡಿ. ಆರು ತಿಂಗಳು ಇವತ್ತೇ ಕೊಡ್ತೀವಿ."

"ಅವರಿಗೆ ಏನಾಗುತ್ತೆ ಸಾರ್?"

"ಕ್ರಮ ತಗೋತೀವಿ. ಕೆಲಸ ಹೋಗ್ಬಹುದು. ಅದು ನಿಮ್ಮ ತಲೆನೋವಲ್ಲ."

ಒಂದು ಸಹಿ. ಪದವಿಯೂ ಉಳಿಯುತ್ತದೆ, ಅಮ್ಮನಿಗೆ ಕೊಟ್ಟ ಮಾತೂ ಉಳಿಯುತ್ತದೆ... ಪೆನ್ನು ಅವಳ ಮುಂದೆಯೇ ಇತ್ತು.

"ಐದು ನಿಮಿಷ ಕೊಡಿ ಸಾರ್," ಎಂದು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದಳು. ಇರುವುದನ್ನು ಇದ್ದ ಹಾಗೆ ಹೇಳಿದಳು. ಸಹಿ ಹಾಕಿದರೆ ತಪ್ಪೇ ಮಾಡದ ಒಬ್ಬರ ಅನ್ನಕ್ಕೆ ಕಲ್ಲು. ಹಾಕದಿದ್ದರೆ ನಿನ್ನ ವಿಷಯ ಬಾಯಿಬಿಡಬೇಕು.

ಆ ಕಡೆ ಅಮ್ಮ ಒಂದೊಂದೇ ಪದ ಹುಡುಕಿ ಕೇಳಿದಳು.

"ಯಾರು... ಅವನು?"

"ಗುಮಾಸ್ತರು ಅಮ್ಮ."

"ಬರೀ... ಗುಮಾಸ್ತನಾ?"

ಅವಳು 'ಅಮ್ಮಾ...' ಎಂದಳಷ್ಟೇ. ಹೆತ್ತವಳಿಗೆ ಅಷ್ಟು ಸಾಕಾಯಿತು.

"ಹೇಳು... ಎಲ್ಲಾ... ಹೇಳಿಬಿಡು."

ಅವಳು ಒಳಗೆ ಹೋಗಿ ಕಾಗದಗಳನ್ನು ಮೇಜಿನ ಮೇಲಿಟ್ಟಳು.

"ಓದು ನಿಂತಿದ್ದು ಅಮ್ಮನ ಕಾಯಿಲೆಗೆ ಸಾರ್. ಬರೀಲಿಲ್ಲ, ಅದು ನನ್ನ ತಪ್ಪು. ಆ ಗುಮಾಸ್ತರು ನನ್ನ ಒಳ್ಳೇದಕ್ಕೇ ಮೂರು ಸಲ ಹೇಳಿದ್ರು. ಕೇಳಿಸಿಕೊಳ್ಳದೆ ದೂರು ಕೊಟ್ಟವಳು ನಾನು. ದೂರು ವಾಪಸ್ ತಗೋತೀನಿ."

ಅಧ್ಯಕ್ಷರು ಕಾಗದಗಳನ್ನು ಒಂದೊಂದಾಗಿ ನೋಡಿ ಪಕ್ಕದವರಿಗೆ ದಾಟಿಸಿದರು. ಕೊನೆಯ ಪ್ರಾಧ್ಯಾಪಕರು ನೋಡಿ ಮುಗಿಸಿ ಅವನ್ನು ಅಧ್ಯಕ್ಷರಿಗೆ ಮರಳಿಸಿದರು.

ಹೊರಗೆ ಬಂದಾಗ ಅವನು ನೆಲಮಾಳಿಗೆಯ ಮೆಟ್ಟಿಲ ಬಳಿ ನಿಂತಿದ್ದ.

"ಏನಾಯ್ತು?"

"ಎರಡು ವರ್ಷ ನಾಲ್ಕು ತಿಂಗಳು ಲೆಕ್ಕದಿಂದ ಬಿಟ್ರು. ನೀವು ಸೋಮವಾರದಿಂದ ಕೌಂಟರಿಗೆ. ನನಗೊಂದು ಎಚ್ಚರಿಕೆ ಪತ್ರ."

"ಎಚ್ಚರಿಕೆ ಪತ್ರ ಯಾಕೆ?"

"ಒಳ್ಳೆಯವರ ಮೇಲೆ ದೂರು ಕೊಟ್ಟಿದ್ದಕ್ಕೆ."

ಅವನಿಗೆ ಅರ್ಥವಾಯಿತು. "ನಿಮಗೆ ಒಂದು ಮಾತು ಹೇಳ್ಬೇಕು ಅಂತಿದೆ... ಆದ್ರೆ ಈಗ ಹೇಳೋ ಹಾಗಿಲ್ಲ. ನಿಮ್ಮ ಕಡತ ನಮ್ಮ ವಿಭಾಗದಲ್ಲಿ ಇರೋವರೆಗೂ ಸಿಬ್ಬಂದಿ ವಿದ್ಯಾರ್ಥಿನಿಗೆ..."

"ಇದಕ್ಕೂ ನಿಯಮ ಇದೆಯಾ?"

"ಇದೆ."

"ಹಾಗಾದ್ರೆ ಪೂರ್ತಿ ಹೇಳಿ. ಈ ಸಲ ಹೊರಟುಹೋಗಲ್ಲ."

ಅವನು ನಿಯಮವನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಪ್ರೇಮದ ಮಾತನ್ನೂ ಯಾರೂ ಅಷ್ಟು ಆಸೆಯಿಂದ ಕೇಳಿರಲಿಕ್ಕಿಲ್ಲ.

ಹತ್ತು ತಿಂಗಳ ಮೇಲೆ ಮೌಖಿಕ ಪರೀಕ್ಷೆ ಮುಗಿಸಿ, ಪದವಿಯ ಅಧಿಸೂಚನೆ ಕೈಯಲ್ಲಿ ಹಿಡಿದು ಅವಳು ವಿಭಾಗದಿಂದ ಹೊರಗೆ ಬಂದಳು. ಅವನು ಅರ್ಧ ದಿನ ರಜೆ ಹಾಕಿ ಕಾಯುತ್ತಿದ್ದ.

"ಈಗ ನಾನು ವಿದ್ಯಾರ್ಥಿನಿ ಅಲ್ಲ," ಎಂದಳು. "ಹೇಳಿ."

"ಹತ್ತು ತಿಂಗಳು ಅಭ್ಯಾಸ ಮಾಡಿದ್ದೆ. ಎಲ್ಲಾ ಮರೆತುಹೋಯ್ತು... ನಿಮ್ಮನ್ನ ಬಿಟ್ಟು ಇರೋಕಾಗಲ್ಲ. ನೆನಪಿರೋದು ಇಷ್ಟೇ."

ಅವಳ ಕಣ್ಣು ತುಂಬಿ ಬಂತು. "ಅಷ್ಟು ಸಾಕು. ಅಮ್ಮ ಊಟಕ್ಕೆ ಕರ್ಕೊಂಡು ಬಾ ಅಂದಿದ್ದಾಳೆ."

"ಯಾರು ಅಂತ ಹೇಳ್ಕೊಂಡು ಬರ್ಲಿ? ಗುಮಾಸ್ತ ಅಂತಲಾ?"

"ನೀವೇನೂ ಹೇಳ್ಬೇಕಾಗಿಲ್ಲ. ಬೆಳಿಗ್ಗೆಯಿಂದ ಕನ್ನಡಿ ಮುಂದೆ ಕೂತು 'ಅಳಿಯಂದ್ರೇ ಬನ್ನಿ' ಅಂತ ಅಭ್ಯಾಸ ಮಾಡ್ತಿದ್ದಾಳೆ. ಇನ್ನೂ ನಾಲಿಗೆ ಹೊರಳ್ತಿಲ್ಲ."

ಅವನು ಅವಳ ಕೈ ಹಿಡಿದುಕೊಂಡ.

"ನಿಧಾನಕ್ಕೆ ಹೇಳ್ಲಿ. ಅವರು ಹೇಳಿ ಮುಗಿಸೋವರೆಗೂ ನಾನು ಹೊಸ್ತಿಲಲ್ಲೇ ನಿಂತಿರ್ತೀನಿ."